ಹಳೆಯ ಡಿಸ್ಕಿನ ಇಮೇಜನ್ನು ವರ್ಚುವಲ್ ಯಂತ್ರಕ್ಕೆ ಇಳಿಸುವುದು: ನಾನು ಪ್ರಯತ್ನಿಸಿದ ನಾಲ್ಕು ದಾರಿಗಳು

ಮುದ್ರಣ ಕಾಶಿ ಎಂದು ಹೆಸರಾದ ಗದಗಿನಲ್ಲಿ ನಮ್ಮ ತಂದೆಯವರದೂ ಒಂದು ಸಣ್ಣ ಮುದ್ರಣಾಲಯವಿದೆ. 2004ರಿಂದ 2013ರವರೆಗೆ ಅಲ್ಲಿ ಪುಸ್ತಕಗಳ ಅಕ್ಷರಜೋಡಣೆಯೆಲ್ಲ ಒಂದೇ ಗಣಕಯಂತ್ರದ ಮೇಲೆ ನಡೆಯಿತು. ಅದರಲ್ಲಿ ಇದ್ದದ್ದು ವಿಂಡೋಸ್ ಎಕ್ಸ್‌ಪಿ, ಪುಟಜೋಡಣೆಯ ತಂತ್ರಾಂಶವಾದ ಪೇಜ್‌ಮೇಕರ್ 6.5 ಮತ್ತು 80 ಜಿಬಿಯ ಒಂದು ಐಡಿಇ (ಹಳೆಯ ಬಗೆಯ ಜೋಡಣೆಯ) ಹಾರ್ಡ್ ಡಿಸ್ಕ್. ಆ ಕಾಲದಲ್ಲಿ ಅಚ್ಚಾದ ಒಂದು ಪುಸ್ತಕಕ್ಕೆ ಎರಡನೆಯ ಮುದ್ರಣ ಬೇಕೆಂದು ಲೇಖಕರೊಬ್ಬರು ಬಂದಾಗ, ಅಟ್ಟದ ಮೇಲಿದ್ದ ಆ ಯಂತ್ರವನ್ನು ಕೆಳಗಿಳಿಸಿ ಚಾಲೂ ಮಾಡಿದೆವು. ಎರಡು ಸಲ ಅದು ಅರ್ಧದಲ್ಲೇ ನಿಂತುಹೋಯಿತು. ಆಗ ನಮ್ಮ ಹಳೆಯ ಡಿಟಿಪಿ ಆಪರೇಟರ್ ಹೇಳಿದ ಮಾತು ನನಗೆ ಇಂದಿಗೂ ನೆನಪಿದೆ: "ತಮ್ಮಾ, ಅದನ್ನ ಪದೇ ಪದೇ ಚಾಲೂ ಮಾಡಬ್ಯಾಡ, ಒಳಗ ಟಿಕ್ ಟಿಕ್ ಅನ್ನಾಕತ್ತೈತಿ." ಆ ಮಾತು ಕೇಳಿ ನಿಲ್ಲಿಸದಿದ್ದರೆ ಈ ಹೋಲಿಕೆಯನ್ನು ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ.

ಕಡತಗಳನ್ನಷ್ಟೇ ನಕಲು ಮಾಡಿಕೊಂಡರೆ ಸಾಲದೇ ಎಂದು ಹಲವರು ಕೇಳಿದರು. ಕನ್ನಡದ ಹಳೆಯ ಡಿಟಿಪಿ ಕೆಲಸಕ್ಕೆ ಅದು ಸಾಲದು. ಆ ದಿನಗಳ ನಮ್ಮ ಫಾಂಟುಗಳು ಯೂನಿಕೋಡ್ ಆಗಿರಲಿಲ್ಲ. ರೋಮನ್ ಅಕ್ಷರಗಳಿಗೆ ಮೀಸಲಾದ ಸ್ಥಾನಗಳಲ್ಲಿ ಕಾಗುಣಿತದ ತುಂಡುಗಳನ್ನೂ ಒತ್ತಕ್ಷರಗಳನ್ನೂ ಕೂಡಿಸಿಟ್ಟಿದ್ದವು, ಮತ್ತು ಒಂದು ತಂತ್ರಾಂಶದ ಜೋಡಣೆ ಇನ್ನೊಂದಕ್ಕೆ ಹೊಂದುತ್ತಿರಲಿಲ್ಲ. ಪರಿವರ್ತಕದಿಂದ ಪಠ್ಯವೇನೋ ಸಿಗುತ್ತದೆ. ಆದರೆ ಸಾಲು ಎಲ್ಲಿ ಮುರಿಯಬೇಕು, ಅಡಿಟಿಪ್ಪಣಿ ಯಾವ ಪುಟದಲ್ಲಿ ಕೂರಬೇಕು ಎಂದು ಆಪರೇಟರ್ ದಿನಗಟ್ಟಲೆ ಕುಳಿತು ಕಟ್ಟಿದ ಪುಟ ಸಿಗುವುದಿಲ್ಲ. ಪೇಜ್‌ಮೇಕರ್ ಕಡತವನ್ನು ನೇರವಾಗಿ ತೆರೆಯುವ ಸೌಲಭ್ಯ, ಅದರ ನಂತರ ಬಂದ ಇನ್‌ಡಿಸೈನ್‌ನಲ್ಲಿ ಸಿಎಸ್6 ಆವೃತ್ತಿಗೇ ಮುಗಿಯಿತು. ಆದ್ದರಿಂದ ಆ ಯಂತ್ರ ಹೇಗಿತ್ತೋ ಹಾಗೆಯೇ, ಅದರ ಫಾಂಟು, ಅದರ ಕೀಲಿಮಣೆ ತಂತ್ರಾಂಶ, ಅದರ ಯುಎಸ್‌ಬಿ ಡಾಂಗಲ್ (ತಂತ್ರಾಂಶ ತೆರೆಯಲು ಚುಚ್ಚಬೇಕಾದ ಕೀಲಿ) ಸಮೇತ, ಇನ್ನೊಂದು ಯಂತ್ರದೊಳಗೆ ವರ್ಚುವಲ್ ಯಂತ್ರವಾಗಿ, ಎಂದರೆ ತಂತ್ರಾಂಶದಿಂದಲೇ ರೂಪುಗೊಂಡ ಗಣಕಯಂತ್ರವಾಗಿ, ಎದ್ದು ನಿಲ್ಲಬೇಕಿತ್ತು. ಅದಕ್ಕೆ ಬೇಕಾದದ್ದು ಡಿಸ್ಕಿನ ಇಮೇಜ್, ಎಂದರೆ ಅದರಲ್ಲಿರುವುದೆಲ್ಲದರ ಇಡೀ ಪ್ರತಿ. ಮುಂದಿನ ಹೋಲಿಕೆಯನ್ನೆಲ್ಲ ನಾನು ಈ ಅಗತ್ಯದಿಂದಲೇ ಅಳೆದಿದ್ದೇನೆ.

ನನ್ನ ಕೈಯಲ್ಲಿ ಮೊದಲೇ ಇದ್ದದ್ದು 2008ರಲ್ಲಿ, ಡಿಸ್ಕಿನ ಪ್ರತಿ ತೆಗೆಯುವ ಘೋಸ್ಟ್ ತಂತ್ರಾಂಶದಿಂದ ತೆಗೆದು ಎರಡು ಡಿವಿಡಿಗಳಲ್ಲಿ ಸುಟ್ಟಿಟ್ಟ ಒಂದು ಬ್ಯಾಕಪ್. ಹೊಸದಾಗಿ ಏನನ್ನೂ ಮಾಡದೆ ಇದರಿಂದಲೇ ಕೆಲಸವಾಗಲಿ ಎಂಬ ಆಸೆಯಿಂದ ಅಲ್ಲಿಂದಲೇ ಆರಂಭಿಸಿದೆ. ವಿಧಾನವೇನೂ ಕಷ್ಟದ್ದಲ್ಲ. ವರ್ಚುವಲ್ ಯಂತ್ರಗಳನ್ನು ನಡೆಸುವ ವರ್ಚುವಲ್‌ಬಾಕ್ಸ್‌ನಲ್ಲಿ ಖಾಲಿ ಡಿಸ್ಕಿನ ಒಂದು ಯಂತ್ರವನ್ನು ಮಾಡಿ, ಘೋಸ್ಟ್‌ನ ಬೂಟ್ ಸಿಡಿಯಿಂದ ಅದನ್ನು ಎಬ್ಬಿಸಿ, ಡಿವಿಡಿಗಳನ್ನು ಒಂದರ ನಂತರ ಒಂದರಂತೆ ತೋರಿಸಿದರೆ ಆಯಿತು. ಮೊದಲನೆಯ ಡಿವಿಡಿ ಓದಿತು. ಎರಡನೆಯದು ಅಂಚಿನ ಭಾಗದಲ್ಲಿ ಓದಲಿಲ್ಲ. ತಪಾಸಣಾ ಮೊತ್ತದ ದೋಷವನ್ನು ಕಡೆಗಣಿಸಿ ಮುಂದುವರಿಯುವ ಆಯ್ಕೆ ಘೋಸ್ಟ್‌ನಲ್ಲಿದೆ. ಅದನ್ನು ಬಳಸಿದಾಗ ಪುನಃಸ್ಥಾಪನೆ ಕೊನೆಯವರೆಗೆ ನಡೆಯಿತಾದರೂ ಯಾವ ಕಡತ ಸರಿಯಿದೆ, ಯಾವುದು ಹಾಳಾಗಿದೆ ಎಂಬುದು ತಿಳಿಯದಂತಾಯಿತು. ಜೊತೆಗೆ 2008ರ ನಂತರದ ಐದು ವರ್ಷಗಳ ಕೆಲಸ ಅದರಲ್ಲಿ ಇರಲೇ ಇಲ್ಲ. ಡಿವಿಡಿಯ ಬಣ್ಣದ ಪದರವು ಶಾಖಕ್ಕೂ ಬೆಳಕಿಗೂ ಕೆಡುತ್ತದೆ. ಗದಗಿನ ಬೇಸಿಗೆಯಲ್ಲಿ ತಗಡಿನ ಕಪಾಟಿನೊಳಗೆ ಹದಿನೈದು ವರ್ಷಕ್ಕೂ ಮೇಲೆ ಬಿದ್ದಿದ್ದ ತಟ್ಟೆಯನ್ನು ನಂಬಿದ್ದು ನನ್ನ ತಪ್ಪು. ನಿಮ್ಮಲ್ಲಿ ಇಂಥ ತಟ್ಟೆಗಳಿದ್ದರೆ, ಬೇರೆ ದಾರಿಯೇ ಇಲ್ಲದಾಗ ಮಾತ್ರ ಇದಕ್ಕೆ ಕೈಹಾಕಿ. ಆದರೆ ಇಂದೇ ಅವುಗಳ ಐಎಸ್‌ಒ (ಇಡೀ ತಟ್ಟೆ ಒಂದೇ ಕಡತವಾದ) ಪ್ರತಿಯನ್ನು ಹಾರ್ಡ್ ಡಿಸ್ಕಿಗೆ ತೆಗೆದಿಡಿ.

ಎರಡನೆಯ ದಾರಿ, ಸೆಕ್ಟರ್ (ಡಿಸ್ಕಿನ ಒಂದು ಸಣ್ಣ ತುಂಡು) ಸೆಕ್ಟರಾಗಿ ಇಡೀ ಡಿಸ್ಕಿನ ಕಚ್ಚಾ ಪ್ರತಿ ತೆಗೆಯುವುದು. ಹುಬ್ಬಳ್ಳಿಯ ಕೊಪ್ಪಿಕರ್ ರಸ್ತೆಯಲ್ಲಿ ಹುಡುಕಿ ಐಡಿಇ ಡಿಸ್ಕನ್ನು ಯುಎಸ್‌ಬಿಗೆ ಜೋಡಿಸುವ ಒಂದು ಅಡಾಪ್ಟರ್ ತಂದೆ. ಲಿನಕ್ಸ್ ಇರುವ ಲ್ಯಾಪ್‌ಟಾಪಿನಲ್ಲಿ ಡಿಡಿರೆಸ್ಕ್ಯೂ ಎಂಬ ಉಪಕರಣವನ್ನು ಬಳಸಿದೆ. ಸಾಮಾನ್ಯ ನಕಲು ಕಾರ್ಯಕ್ರಮವು ಕೆಟ್ಟ ಸೆಕ್ಟರ್ ಎದುರಾದಾಗ ಅಲ್ಲಿಯೇ ಜಗ್ಗಾಡುತ್ತ ಕೂರುತ್ತದೆ, ಅಷ್ಟರಲ್ಲಿ ಡಿಸ್ಕೇ ಸಾಯಬಹುದು. ಡಿಡಿರೆಸ್ಕ್ಯೂ ಹಾಗಲ್ಲ: ಸುಲಭವಾಗಿ ಓದಿಸಿಕೊಳ್ಳುವ ಭಾಗವನ್ನೆಲ್ಲ ಮೊದಲು ಬಾಚಿಕೊಂಡು, ಕಷ್ಟದ ಜಾಗಗಳನ್ನು ಬಿಟ್ಟು ಮುಂದೆ ಸಾಗಿ, ಕೊನೆಯಲ್ಲಿ ಹಿಂದಿರುಗಿ ಅವುಗಳನ್ನು ಮತ್ತೆ ಮತ್ತೆ ಪ್ರಯತ್ನಿಸುತ್ತದೆ. ಎಲ್ಲಿಯವರೆಗೆ ಓದಿದೆ ಎಂಬುದನ್ನು ಒಂದು ನಕ್ಷೆಯ ಕಡತದಲ್ಲಿ ಬರೆದಿಡುತ್ತದೆಯಾದ್ದರಿಂದ, ನಡುರಾತ್ರಿ ಕರೆಂಟ್ ಹೋದಾಗಲೂ ನಾನು ಬಿಟ್ಟಲ್ಲಿಂದಲೇ ಮುಂದುವರಿಸಿದೆ. ಬಹುಪಾಲು ಡಿಸ್ಕ್ ಒಂದೂವರೆ ಗಂಟೆಯೊಳಗೆ ಬಂದಿತು. ಉಳಿದ ಸ್ವಲ್ಪಕ್ಕೆ ಬೆಳಗಿನವರೆಗೆ ಕಾಯಬೇಕಾಯಿತು. ಕೊನೆಗೆ ಓದದೆ ಉಳಿದದ್ದು 56 ಕಿಲೋಬೈಟ್, ಎಂದರೆ 512 ಬೈಟುಗಳ 112 ಸೆಕ್ಟರುಗಳು.

ಈ ಕಚ್ಚಾ ಕಡತವನ್ನು ವರ್ಚುವಲ್‌ಬಾಕ್ಸ್‌ನೊಂದಿಗೇ ಬರುವ ಆಜ್ಞೆಯಿಂದ ವಿಡಿಐ (ವರ್ಚುವಲ್‌ಬಾಕ್ಸ್‌ನ ಡಿಸ್ಕ್ ಕಡತ) ರೂಪಕ್ಕೆ ಬದಲಿಸಬಹುದು. ವರ್ಚುವಲ್ ಯಂತ್ರಗಳ ಮತ್ತೊಂದು ತಂತ್ರಾಂಶವಾದ ಕ್ಯುಇಎಂಯು ಜೊತೆಗೆ ಬರುವ ಇಮೇಜ್ ಉಪಕರಣವೂ ಅದೇ ಕೆಲಸವನ್ನು ಮಾಡುತ್ತದೆ, ಮತ್ತು ಅಂಥದೇ ಇನ್ನೊಂದಾದ ವಿಎಂವೇರ್‌ಗೆ ಬೇಕಾದ ರೂಪವನ್ನೂ ಕೊಡುತ್ತದೆ. ಈ ದಾರಿಯ ದೊಡ್ಡ ಅನನುಕೂಲ ಜಾಗ. ನಿಜವಾಗಿ ಬಳಕೆಯಲ್ಲಿದ್ದದ್ದು 23 ಜಿಬಿ ಮಾತ್ರ. ಆದರೆ ಎಂದೋ ಅಳಿಸಿದ ಕಡತಗಳ ಉಳಿಕೆಯೂ ಸೊನ್ನೆಯಲ್ಲವಾದ್ದರಿಂದ ವಿಡಿಐ 61 ಜಿಬಿಗೆ ಹೋಯಿತು, ಪಕ್ಕದಲ್ಲಿ 80 ಜಿಬಿಯ ಮೂಲ ಪ್ರತಿಯನ್ನೂ ಇಟ್ಟುಕೊಳ್ಳಬೇಕಾಯಿತು. ಇದನ್ನು ನಾನು ದೋಷವೆಂದು ಭಾವಿಸುವುದಿಲ್ಲ. ಅಳಿಸಿಹೋಗಿತ್ತೆಂದು ತಿಳಿದಿದ್ದ ಒಂದು ಪುಸ್ತಕದ ಅಧ್ಯಾಯವನ್ನು ಆ ಉಳಿಕೆಯಿಂದಲೇ ಹೊರತೆಗೆದೆ.

ಮೂರನೆಯದು ಕ್ಲೋನ್‌ಜಿಲ್ಲಾ, ಡಿಸ್ಕಿನ ಪ್ರತಿ ತೆಗೆಯುವ ಇನ್ನೊಂದು ತಂತ್ರಾಂಶ. ಸಾಯುತ್ತಿರುವ ಡಿಸ್ಕಿನ ಮೇಲೆ ಇದನ್ನು ನೇರವಾಗಿ ನಡೆಸುವುದು ಸರಿಯಲ್ಲ. ಕೆಟ್ಟ ಸೆಕ್ಟರ್ ಕಂಡಾಗ ಅದು ಸಹಜವಾಗಿಯೇ ನಿಲ್ಲುತ್ತದೆ, ಮುಂದುವರಿಯಬೇಕೆಂದರೆ ಪರಿಣತರ ಆಯ್ಕೆಗಳಲ್ಲಿ ಅದನ್ನು ಬೇರೆಯಾಗಿ ಹೇಳಬೇಕು. ಆದ್ದರಿಂದ ನ್ಯಾಯವಾದ ಪರೀಕ್ಷೆಯಾಗಲಿ ಎಂದು, ಡಿಡಿರೆಸ್ಕ್ಯೂ ಪ್ರತಿಯನ್ನು 160 ಜಿಬಿಯ ಒಂದು ಆರೋಗ್ಯವಂತ ಡಿಸ್ಕಿಗೆ ಬರೆದು, ಅದರಿಂದ ಕ್ಲೋನ್‌ಜಿಲ್ಲಾ ಇಮೇಜ್ ತೆಗೆದೆ. ಬಳಕೆಯಲ್ಲಿರುವ ಭಾಗವನ್ನು ಮಾತ್ರ ಓದಿ ಕುಗ್ಗಿಸುವುದರಿಂದ ಬರೀ 14 ಜಿಬಿಯಲ್ಲಿ ಎಲ್ಲವೂ ಮುಗಿಯಿತು. ಇಷ್ಟು ಅಚ್ಚುಕಟ್ಟಾದ ಪ್ರತಿ ಬೇರಾವ ದಾರಿಯಲ್ಲೂ ಸಿಗಲಿಲ್ಲ.

ಆದರೆ ಅದನ್ನು ವರ್ಚುವಲ್ ಯಂತ್ರದೊಳಗೆ ಇಳಿಸುವಾಗ ಮೂರು ಕಡೆ ಎಡವಿದೆ. ಎಕ್ಸ್‌ಪಿಗೆಂದು ಮಾಡಿದ ಯಂತ್ರವು 32 ಬಿಟ್‌ನದಾದ್ದರಿಂದ 64 ಬಿಟ್‌ನ ಕ್ಲೋನ್‌ಜಿಲ್ಲಾ ಅದರಲ್ಲಿ ಏಳಲಿಲ್ಲ. ಯಂತ್ರದ ಬಗೆಯನ್ನು ತಾತ್ಕಾಲಿಕವಾಗಿ 64 ಬಿಟ್ ಲಿನಕ್ಸ್ ಎಂದು ಬದಲಿಸಬೇಕಾಯಿತು. ಎಕ್ಸ್‌ಪಿಗೆ ಸಾಕಾಗುವಷ್ಟು ಕೊಟ್ಟಿದ್ದ ಮೆಮೊರಿ ಅದಕ್ಕೆ ಸಾಲಲಿಲ್ಲ. ಇಮೇಜ್ 160 ಜಿಬಿಯ ಡಿಸ್ಕಿನಿಂದ ಬಂದದ್ದರಿಂದ, ಒಳಗಿನ ವಿಭಾಗಗಳು 80 ಜಿಬಿಯೊಳಗೇ ಇದ್ದರೂ, ಅಷ್ಟೇ ದೊಡ್ಡ ಗುರಿ ಡಿಸ್ಕನ್ನು ಕೇಳಿತು. ವರ್ಚುವಲ್ ಡಿಸ್ಕು ತುಂಬಿದಂತೆಲ್ಲ ಬೆಳೆಯುವ ಬಗೆಯದಾಗಿದ್ದರೆ 160 ಜಿಬಿ ಎಂದು ಹೇಳಿಬಿಟ್ಟರೂ ನಷ್ಟವಿಲ್ಲ. ಇವು ಯಾವುವೂ ದೊಡ್ಡ ತೊಡಕುಗಳಲ್ಲ, ಆದರೆ ಮೊದಲ ಸಲ ಮಾಡುವವರಿಗೆ ಒಂದು ಸಂಜೆ ಹೋಗುತ್ತದೆ.

ಇನ್ನು ನಾಲ್ಕನೆಯದನ್ನು ಪರೀಕ್ಷಿಸಿದ್ದು ಬೇರೆ ಯಂತ್ರದ ಮೇಲೆ: ಲೆಕ್ಕಪತ್ರದ ಕೋಣೆಯಲ್ಲಿ ಇನ್ನೂ ಜೀವಂತವಾಗಿದ್ದ ವಿಂಡೋಸ್ 7ರ ಗಣಕಯಂತ್ರ. ಮೈಕ್ರೋಸಾಫ್ಟ್‌ನ ಸಿಸಿಂಟರ್ನಲ್ಸ್ ಸಂಗ್ರಹದಲ್ಲಿರುವ ಡಿಸ್ಕ್2ವಿಎಚ್‌ಡಿ ಎಂಬ ಸಣ್ಣ ಉಪಕರಣವನ್ನು ಅದರ ಮೇಲೆಯೇ ನಡೆಸಿದರೆ, ಯಂತ್ರವನ್ನು ನಿಲ್ಲಿಸದೆಯೇ, ಒಂದು ಕ್ಷಣದ ಸ್ಥಿತಿಯನ್ನು ಹಿಡಿದು ನೇರವಾಗಿ ವರ್ಚುವಲ್ ಡಿಸ್ಕಿನ ಕಡತವನ್ನು ಕೊಡುತ್ತದೆ. ನಡುವೆ ಪರಿವರ್ತನೆಯೂ ಬೇಡ, ಪುನಃಸ್ಥಾಪನೆಯೂ ಬೇಡ. ಎರಡು ಎಚ್ಚರಿಕೆಗಳು ಮಾತ್ರ ಬೇಕು. ವರ್ಚುವಲ್‌ಬಾಕ್ಸ್‌ಗೆ ಒಯ್ಯುವುದಾದರೆ ಹೊಸ ವಿಎಚ್‌ಡಿಎಕ್ಸ್ ರೂಪದ ಗುರುತನ್ನು ತೆಗೆದು ಹಳೆಯ ವಿಎಚ್‌ಡಿಯನ್ನೇ ಆರಿಸಬೇಕು. ಸಿ, ಡಿ ಎಂಬಂಥ ಅಕ್ಷರದ ಹೆಸರಿಲ್ಲದ 100 ಎಂಬಿಯ ಸಣ್ಣ ವಿಭಾಗವನ್ನೂ ಗುರುತು ಹಾಕಬೇಕು. ವಿಂಡೋಸ್ 7ರ ಬೂಟ್ ಕಡತಗಳಿರುವುದು ಅಲ್ಲಿಯೇ. ನಾನು ಅದನ್ನು ಬಿಟ್ಟು ಮೊದಲ ಪ್ರತಿ ತೆಗೆದಿದ್ದೆ, ಅದು ಏಳಲಿಲ್ಲ. ಎರಡನೆಯ ಪ್ರತಿ ಮೊದಲ ಯತ್ನಕ್ಕೇ ಎದ್ದಿತು. ಯಂತ್ರ ಇನ್ನೂ ಓಡುತ್ತಿರುವಾಗಲೇ ಈ ಕೆಲಸ ಮಾಡುವವರು ಬೇರಾವ ದಾರಿಯನ್ನೂ ನೋಡುವ ಅಗತ್ಯವಿಲ್ಲವೆಂದು ನಾನು ನಿಸ್ಸಂಕೋಚವಾಗಿ ಹೇಳುತ್ತೇನೆ.

ಇಮೇಜನ್ನು ಇಳಿಸುವುದಕ್ಕಿಂತ ಹೆಚ್ಚಿನ ಶ್ರಮ ಬೇಡಿದ್ದು ಎಕ್ಸ್‌ಪಿಯ ಮೊದಲ ಏಳುವಿಕೆ. ಕಚ್ಚಾ ಪ್ರತಿಯಾಗಲಿ, ಕ್ಲೋನ್‌ಜಿಲ್ಲಾ ಪ್ರತಿಯಾಗಲಿ, ಎರಡೂ ಒಂದೇ ನೀಲಿ ಪರದೆಯಲ್ಲಿ, 7ಬಿ ಎಂದು ಕೊನೆಗೊಳ್ಳುವ ದೋಷಸಂಖ್ಯೆಯೊಂದಿಗೆ ನಿಂತವು. ಕಾರಣ ಸರಳ: ನಮ್ಮ ಹಳೆಯ ಮದರ್‌ಬೋರ್ಡು ವಿಐಎ ಚಿಪ್‌ಸೆಟ್‌ನದು, ವರ್ಚುವಲ್‌ಬಾಕ್ಸ್ ತೋರಿಸುವುದು ಇಂಟೆಲ್ ಬಗೆಯ ಐಡಿಇ ನಿಯಂತ್ರಕ, ಎಕ್ಸ್‌ಪಿಯು ತಾನು ಅಂದು ಕಂಡ ಯಂತ್ರಾಂಶದ ಡ್ರೈವರನ್ನು ಮಾತ್ರ ಬೂಟ್ ಸಮಯಕ್ಕೆ ಸಿದ್ಧವಾಗಿ ಇಟ್ಟುಕೊಂಡಿತ್ತು. ಆ ಡಿಸ್ಕನ್ನು ಮತ್ತೊಂದು ವಿಂಡೋಸ್ ವರ್ಚುವಲ್ ಯಂತ್ರಕ್ಕೆ ಎರಡನೆಯ ಡಿಸ್ಕಾಗಿ ಜೋಡಿಸಿ, ರಿಜಿಸ್ಟ್ರಿ (ವಿಂಡೋಸ್‌ನ ಆಂತರಿಕ ಸೆಟ್ಟಿಂಗುಗಳ ಕಡತ) ಸಂಪಾದಕದಲ್ಲಿ ಅದರ ಸಿಸ್ಟಮ್ ಕಡತವನ್ನು ತೆರೆದು, ಇಂಟೆಲ್ ಐಡಿಇ ಮತ್ತು ಸಾಮಾನ್ಯ ಐಡಿಇ ಡ್ರೈವರುಗಳ ಆರಂಭದ ಸಂಖ್ಯೆಯನ್ನು ಸೊನ್ನೆ ಮಾಡಿ, ಬೂಟ್‌ಗೆ ಅನಿವಾರ್ಯವಾದ ಸಾಧನಗಳ ಪಟ್ಟಿಗೆ ಆ ನಿಯಂತ್ರಕವನ್ನು ಸೇರಿಸಿದ ಮೇಲೆ ಅದು ಎದ್ದಿತು. ಹೀಗೆ ಹೊರಗಿನಿಂದ ತೆರೆದಾಗ "ಕರೆಂಟ್ ಕಂಟ್ರೋಲ್ ಸೆಟ್" ಎಂಬ ಶಾಖೆ ಕಾಣುವುದಿಲ್ಲ, 001 ಸಂಖ್ಯೆಯ ಶಾಖೆಯಲ್ಲಿ ತಿದ್ದಬೇಕು. ಇದನ್ನು ತಿಳಿಯದೆ ನಾನು ಒಂದು ದಿನ ಕಳೆದೆ. ಇಂಥ ತಿದ್ದುಪಡಿಗೆ ಮೊದಲು ಸ್ನ್ಯಾಪ್‌ಶಾಟ್ (ತಪ್ಪಾದರೆ ಹಿಂದಿರುಗಲು ಯಂತ್ರದ ಆ ಕ್ಷಣದ ಪ್ರತಿ) ತೆಗೆದಿರಲೇಬೇಕು. ಯಂತ್ರಾಂಶ ಬದಲಾಯಿತೆಂದು ಎಕ್ಸ್‌ಪಿ ಮತ್ತೆ ಆಕ್ಟಿವೇಶನ್ ಕೇಳುವುದಕ್ಕೂ ಸಿದ್ಧರಾಗಿರಿ.

ಆಶ್ರಯ ಕೊಡುವ ತಂತ್ರಾಂಶಗಳ ವಿಷಯದಲ್ಲಿ ನನ್ನ ತೀರ್ಮಾನವನ್ನು ಮಾಡಿದ್ದು ಡಾಂಗಲ್. ವಿಂಡೋಸ್‌ನೊಳಗೇ ಬರುವ ಹೈಪರ್-ವಿ ವೇಗವಾಗಿದೆ, ವಿಎಚ್‌ಡಿಯನ್ನು ನೇರವಾಗಿ ಒಪ್ಪುತ್ತದೆ. ಆದರೆ ವಿಂಡೋಸ್‌ನ ಹೋಮ್ ಆವೃತ್ತಿಯಲ್ಲಿ ಅದು ಇಲ್ಲ. ಹಳೆಯ ಯಂತ್ರಗಳನ್ನು ಮೊದಲ ತಲೆಮಾರಿನ ಬಗೆಯಲ್ಲಿ ಮಾತ್ರ ನಡೆಸುತ್ತದೆ. ಯುಎಸ್‌ಬಿ ಡಾಂಗಲನ್ನು ಒಳಗಿನ ಯಂತ್ರಕ್ಕೆ ನೇರವಾಗಿ ಕೊಡುವುದಿಲ್ಲ. ಡಾಂಗಲ್ ಇಲ್ಲದೆ ನಮ್ಮ ಫಾಂಟ್ ತಂತ್ರಾಂಶ ತೆರೆಯುವುದೇ ಇಲ್ಲವಾದ್ದರಿಂದ ಹೈಪರ್-ವಿ ಅಲ್ಲಿಗೇ ಬಿದ್ದುಹೋಯಿತು. ವರ್ಚುವಲ್‌ಬಾಕ್ಸ್ ಮತ್ತು ವಿಎಂವೇರ್ ವರ್ಕ್‌ಸ್ಟೇಷನ್ ಎರಡರಲ್ಲೂ ಡಾಂಗಲ್ ಒಳಗೆ ಕಾಣಿಸಿತು. 2024ರ ನವೆಂಬರ್‌ನಿಂದ ವರ್ಕ್‌ಸ್ಟೇಷನ್ ಪ್ರೋ ವ್ಯಾಪಾರೀ ಬಳಕೆಗೂ ಉಚಿತವಾಗಿರುವುದರಿಂದ ಈಗ ಹಣದ ಮಾತಿಲ್ಲ. ಪರದೆಯ ಚಲನೆ ನನಗೆ ವಿಎಂವೇರ್‌ನಲ್ಲಿ ಹೆಚ್ಚು ನಯವೆನಿಸಿತು. ಆದರೂ ಲಿನಕ್ಸ್ ಮತ್ತು ವಿಂಡೋಸ್ ಎರಡರಲ್ಲೂ ಅದೇ ವಿಡಿಐಯನ್ನು ಎತ್ತಿಕೊಂಡು ಹೋಗುವ ಅನುಕೂಲಕ್ಕಾಗಿ ವರ್ಚುವಲ್‌ಬಾಕ್ಸ್‌ನಲ್ಲೇ ಉಳಿದೆ. ಎಕ್ಸ್‌ಪಿಗೆ ಭದ್ರತಾ ಪರಿಷ್ಕರಣೆಗಳು 2014ರ ಏಪ್ರಿಲ್ 8ಕ್ಕೆ ನಿಂತಿರುವುದರಿಂದ ಅದರ ನೆಟ್‌ವರ್ಕ್ ಕಾರ್ಡನ್ನು ತೆಗೆದುಹಾಕಿದ್ದೇನೆ. ಪೇಜ್‌ಮೇಕರ್‌ನಿಂದ ಪೋಸ್ಟ್‌ಸ್ಕ್ರಿಪ್ಟ್ ಕಡತಕ್ಕೆ ಮುದ್ರಿಸಿ, ಹಂಚಿಕೆಯ ಫೋಲ್ಡರ್ ಮೂಲಕ ಹೊರತಂದು, ಇಲ್ಲಿ ಪಿಡಿಎಫ್ ಮಾಡಿಕೊಳ್ಳುತ್ತೇವೆ.

ಕಚ್ಚಾ ಪ್ರತಿಯ ಪರವಾಗಿ ನಾನು ನಿಲ್ಲುವುದಕ್ಕೆ ಇನ್ನೊಂದು ಕಾರಣವಿದೆ. ಡಿಡಿರೆಸ್ಕ್ಯೂ ನಕ್ಷೆಯಲ್ಲಿ ಓದದೆ ಉಳಿದ ಸೆಕ್ಟರುಗಳ ಸ್ಥಾನ ಸ್ಪಷ್ಟವಾಗಿರುತ್ತದೆ, ಮತ್ತು ಎನ್‌ಟಿಎಫ್‌ಎಸ್ (ವಿಂಡೋಸ್ ಕಡತಗಳನ್ನು ಡಿಸ್ಕಿನಲ್ಲಿ ಜೋಡಿಸಿಡುವ ವ್ಯವಸ್ಥೆ) ಉಪಕರಣಗಳಲ್ಲಿ ಒಂದು, ಆ ಸ್ಥಾನ ಯಾವ ಕಡತಕ್ಕೆ ಸೇರಿದ್ದು ಎಂದು ಹೇಳುತ್ತದೆ. ಘೋಸ್ಟ್ ತಟ್ಟೆಯಿಂದ ಸಿಗದ ಖಚಿತತೆ ಇದರಿಂದ ಸಿಕ್ಕಿತು. ನಮ್ಮ 112ರಲ್ಲಿ 96 ಸೆಕ್ಟರುಗಳು ವಿಂಡೋಸ್‌ನ ಪೇಜ್ ಕಡತದೊಳಗಿದ್ದವು (ಮೆಮೊರಿಯ ತಾತ್ಕಾಲಿಕ ಸರಕನ್ನಿಡುವ ಕಡತ), ಅವು ಹೋದರೂ ಚಿಂತೆಯಿಲ್ಲ. ಎಂಟು ಸೆಕ್ಟರುಗಳು ಯಾವ ಕಡತಕ್ಕೂ ಸೇರದ ಖಾಲಿ ಜಾಗದಲ್ಲಿದ್ದವು. ಉಳಿದ ಎಂಟು ಒಂದು ಮದುವೆಯ ಆಮಂತ್ರಣ ಪತ್ರಿಕೆಯ ಕಡತದವು. ಆ ಪತ್ರಿಕೆಯ ಅಚ್ಚಾದ ಪ್ರತಿಯೊಂದು ತಂದೆಯವರ ಮಾದರಿ ಪುಸ್ತಕದಲ್ಲಿ ಅಂಟಿಸಿಟ್ಟದ್ದಿತ್ತು. ಆಪರೇಟರ್ ಅದನ್ನು ನೋಡಿಕೊಂಡು, ಅದೇ ಪೇಜ್‌ಮೇಕರ್‌ನಲ್ಲಿ, ಅದೇ ಫಾಂಟಿನಲ್ಲಿ, ಒಂದು ಗಂಟೆಯಲ್ಲಿ ಮತ್ತೆ ಜೋಡಿಸಿಕೊಟ್ಟರು.