ಪ್ಯಾಡಲ್ ಬೋರ್ಡಿನ ಮೇಲೆ ಮೀನಿನ ಸಾಮಾನು: ಕ್ರೇಟು, ಐಸ್ ಬಾಕ್ಸು, ಜಲನಿರೋಧಕ ಚೀಲ

ಹರಗೋಲಿನಲ್ಲಿ ಕುಳಿತು ಗಾಳ ಹಾಕುವವರು ಬುತ್ತಿ, ಎರೆ, ಹಿಡಿದ ಮೀನು ಎಲ್ಲವನ್ನೂ ಕಾಲ ಬುಡದಲ್ಲೇ ಇಟ್ಟುಕೊಳ್ಳಬಹುದು. ನಿಂತು ಹುಟ್ಟು ಹಾಕುವ ಪ್ಯಾಡಲ್ ಬೋರ್ಡಿಗೆ ಅಂಚೇ ಇಲ್ಲದಿರುವುದರಿಂದ ಅದರ ಮೇಲೆ ಕಟ್ಟದೆ ಇಟ್ಟದ್ದು ನೀರಿನ ಪಾಲಾಗುತ್ತದೆ. ಆದ್ದರಿಂದ ಸಾಮಾನು ಸಾಗಿಸಲು ಜನ ಸಾಮಾನ್ಯವಾಗಿ ಬಳಸುವ ಮೂರು ವಿಧಾನಗಳನ್ನು ಬೀದರ್ ಜಿಲ್ಲೆಯ ಕಾರಂಜಾ ಜಲಾಶಯದಲ್ಲಿಯೂ ಕಲಬುರಗಿ ಜಿಲ್ಲೆಯ ಹೇರೂರಿನ ಬಳಿಯ ಬೆಣ್ಣೆತೊರಾ ಜಲಾಶಯದಲ್ಲಿಯೂ ಒಂದಾದ ಮೇಲೊಂದರಂತೆ ಬಳಸಿ ನೋಡಿದೆ. ಯಾದಗಿರಿ ಕಡೆಯ ಕೃಷ್ಣೆಯಲ್ಲಿ ಮೊಸಳೆಗಳಿರುವುದರಿಂದ ಅಲ್ಲಿ ಬೋರ್ಡು ಇಳಿಸುವ ವಿಚಾರವನ್ನೇ ಮಾಡಲಿಲ್ಲ. ನನ್ನದು ಗಾಳಿ ತುಂಬುವ ಬೋರ್ಡು. 11 ಅಡಿ ಉದ್ದ, 34 ಇಂಚು ಅಗಲ, 6 ಇಂಚು ದಪ್ಪ.

ಮೊದಲನೆಯದು ಮಾರುಕಟ್ಟೆಯಲ್ಲಿ ಟೊಮ್ಯಾಟೊ ತುಂಬುವ ಪ್ಲಾಸ್ಟಿಕ್ ಕ್ರೇಟು. ಇದರಷ್ಟು ಅಗ್ಗವಾದದ್ದು, ಗಟ್ಟಿಯಾದದ್ದು ಮತ್ತೊಂದಿಲ್ಲ. ಗೋಡೆಗೆ ಎರಡು ಪಿವಿಸಿ ಪೈಪಿನ ತುಂಡುಗಳನ್ನು ಕಟ್ಟಿದರೆ ಗಾಳದ ಕೋಲುಗಳು ನೆಟ್ಟಗೆ ನಿಲ್ಲುತ್ತವೆ. ಎರೆಯ ಡಬ್ಬಿ, ಇಕ್ಕಳ, ನೀರಿನ ಬಾಟಲಿ ಕೈಗೆ ಸಿಗುವಂತೆ ಇರುತ್ತವೆ. ತೂತುಗಳಿರುವುದರಿಂದ ಒಳಗೆ ನೀರು ನಿಲ್ಲುವುದಿಲ್ಲ. ಆದರೆ ಅದೇ ತೂತುಗಳಿಂದಾಗಿ ಫೋನು, ಬೈಕಿನ ಕೀಲಿ, ಒಣ ಬಟ್ಟೆಗಳಿಗೆ ಅದರಲ್ಲಿ ಜಾಗವಿಲ್ಲ. ಇನ್ನೊಂದು ತೊಂದರೆ ಗಾಳಿಯದು. ಮುಂಗಾರಿನ ತಿಂಗಳುಗಳಲ್ಲಿ ಮಧ್ಯಾಹ್ನದ ಹೊತ್ತಿಗೆ ಕಾರಂಜಾದ ಬಯಲು ನೀರಿನ ಮೇಲೆ ಪಡುವಣ ಗಾಳಿ ಎದ್ದಾಗ ಹಿಂಬದಿಯಲ್ಲಿ ನಿಂತ ಕ್ರೇಟು, ಅದರ ಮೇಲೆ ಚಾಚಿದ ಕೋಲುಗಳು ಹಾಯಿಯಂತೆ ಕೆಲಸ ಮಾಡಿ ಬೋರ್ಡಿನ ಬಾಲವನ್ನು ಒಂದೇ ಕಡೆಗೆ ತಳ್ಳುತ್ತವೆ. ಆಗ ಹುಟ್ಟನ್ನು ಬಹುಪಾಲು ಒಂದೇ ಬದಿಯಲ್ಲಿ ಹಾಕಬೇಕಾಗಿ ಭುಜ ಸೋಲುತ್ತದೆ.

ಎರಡನೆಯದು ಐಸ್ ಬಾಕ್ಸು. ನಲವತ್ತು ಡಿಗ್ರಿ ದಾಟುವ ನಮ್ಮ ಬೇಸಿಗೆಯಲ್ಲಿ ಹಿಡಿದ ರೋಹುವೋ ಕಾಟ್ಲಾವೋ ಮನೆ ಸೇರುವವರೆಗೆ ಕೆಡದಿರಬೇಕಾದರೆ ಮಂಜುಗಡ್ಡೆ ಬೇಕೇ ಬೇಕು. ಮೀನು ಮಾರುವವರು ಬಳಸುವ ಥರ್ಮಾಕೋಲ್ ಪೆಟ್ಟಿಗೆ ಹಗುರವಾಗಿದ್ದರೂ ಹಗ್ಗ ಬಿಗಿದೊಡನೆ ಮುರಿದು ಅದರ ಚೂರುಗಳು ಕೆರೆಯ ಪಾಲಾಗುವುದರಿಂದ ಅದನ್ನು ಯಾರಿಗೂ ಹೇಳಲಾರೆ. ಗಟ್ಟಿ ಪ್ಲಾಸ್ಟಿಕ್ಕಿನ 25 ಲೀಟರಿನ ಬಾಕ್ಸಿಗೆ ಐದು ಕಿಲೋ ಮಂಜುಗಡ್ಡೆ, ಎರಡು ಲೀಟರು ಕುಡಿಯುವ ನೀರು ತುಂಬಿ ನಿಲ್ಲುವ ಜಾಗದ ಬೆನ್ನಿಗೇ ನಡುಗೆರೆಯ ಮೇಲೆ ಕಟ್ಟಿದಾಗ ಬೋರ್ಡು ಇನ್ನಷ್ಟು ಸ್ಥಿರವಾಯಿತು, ಕಾಲು ಸೋತಾಗ ಕುಳಿತುಕೊಳ್ಳಲು ಪೀಠವೂ ಆಯಿತು. ಅದೇ ಬಾಕ್ಸನ್ನು ತುದಿಗೆ ಸರಿಸಿದಾಗ ಬಾಲ ಮುಳುಗಿ ಮೂತಿ ಮೇಲೆದ್ದು, ನಾಲ್ಕು ಹುಟ್ಟಿಗೆ ಹೋಗುವ ದೂರಕ್ಕೆ ಆರೇಳು ಹುಟ್ಟು ಬೇಕಾದವು. ಪೆಟ್ಟಿಗೆ ಯಾವ ಬಗೆಯದು ಎಂಬುದಕ್ಕಿಂತ ಅದರ ಭಾರ ಎಷ್ಟು ಕೆಳಗೆ, ನಡುವಿಗೆ ಎಷ್ಟು ಹತ್ತಿರ ಕೂತಿದೆ ಎಂಬುದೇ ಮುಖ್ಯವೆಂದು ನನಗೆ ಖಚಿತವಾದದ್ದು ಇಲ್ಲಿಯೇ. ಇಷ್ಟು ಭಾರಕ್ಕೆ ಬೋರ್ಡಿನಲ್ಲಿ ಗಾಳಿಯೂ ಸರಿಯಾಗಿರಬೇಕು. ಸಾಲದಿದ್ದರೆ ಬೋರ್ಡು ನಡುವಿನಲ್ಲಿ ಬಾಗುತ್ತದೆ. ಹಾಗೆಂದು 15 ಪಿಎಸ್‌ಐ ತುಂಬಿ ಬಿಸಿಲಿನ ದಂಡೆಯ ಮೇಲೆ ಬಿಡುವುದೂ ಸಲ್ಲದು, ಏಕೆಂದರೆ ಒಳಗಿನ ಗಾಳಿ 30 ಡಿಗ್ರಿಯಿಂದ 50 ಡಿಗ್ರಿಗೆ ಕಾದರೆ ಒತ್ತಡ ಸುಮಾರು 2 ಪಿಎಸ್‌ಐ ಏರುತ್ತದೆ.

ಮೂರನೆಯದು, ಬಾಯಿಯನ್ನು ಸುರುಳಿ ಸುತ್ತಿ ಮುಚ್ಚುವ 20 ಲೀಟರಿನ ಜಲನಿರೋಧಕ ಚೀಲ. ಬೋರ್ಡಿನ ಮುಂಭಾಗದಲ್ಲಿ ಹೆಣೆದ ಹಿಗ್ಗುವ ಹಗ್ಗದ ಕೆಳಗೆ ಅಡ್ಡಲಾಗಿ ಮಲಗಿಸಿದರೆ ಗಾಳಿಗೆ ಸಿಗುವುದಿಲ್ಲ, ಭಾರವೂ ಕೆಳಗೇ ಇರುತ್ತದೆ. ಬಾಯಿಯನ್ನು ಕನಿಷ್ಠ ಮೂರು ಸುತ್ತು ಮಡಚಿ ಕೊಂಡಿ ಹಾಕಬೇಕು, ಒಳಗೆ ಸ್ವಲ್ಪ ಗಾಳಿ ಉಳಿಸಬೇಕು. ಇದರ ಕೊರತೆಯೆಂದರೆ ಗಾಳದ ಮುಳ್ಳು ಬದಲಿಸಲು ಪ್ರತಿ ಸಲವೂ ಮಂಡಿಯೂರಿ, ಸುತ್ತು ಬಿಚ್ಚಿ, ಒದ್ದೆ ಕೈಯನ್ನು ಒಳಗಿಟ್ಟು ತಡಕಾಡಬೇಕು. ಚೂಪಾದ ಸಾಮಾನಿಗಂತೂ ಅದು ತಕ್ಕುದಲ್ಲ.

ಬೆಣ್ಣೆತೊರಾದ ಸೊಂಟದಾಳದ ನೀರಿನಲ್ಲಿ, ಲೈಫ್ ಜಾಕೆಟ್ ತೊಟ್ಟು, ಮೂರನ್ನೂ ಕಟ್ಟಿದ ಬೋರ್ಡನ್ನು ಬೇಕೆಂದೇ ಮಗುಚಿ ನೋಡಿದೆ. ಚೀಲ ಇದ್ದಲ್ಲೇ ಇತ್ತು, ಒಳಗಿಟ್ಟ ದಿನಪತ್ರಿಕೆಯ ಹಾಳೆ ಗರಿಗರಿಯಾಗಿಯೇ ಉಳಿಯಿತು. ಐಸ್ ಬಾಕ್ಸು ಕದಲಲಿಲ್ಲ, ಆದರೆ ಮುಚ್ಚಳದ ಸಂದಿಯಿಂದ ನೀರು ಒಳಹೊಕ್ಕಿತು. ಕ್ರೇಟಿನಲ್ಲಿದ್ದ ಡಬ್ಬಿಗಳು ತೇಲಿಹೋದವು, ಇಕ್ಕಳ ಕೆಸರಿಗಿಳಿಯಿತು. ಕ್ರೇಟಿನ ಬಾಯಿಗೆ ಬಲೆ ಬಿಗಿದು, ಭಾರದ ಉಪಕರಣಗಳಿಗೆ ಒಂದೊಂದು ದಾರ ಕಟ್ಟಿದ ಮೇಲೆ ಮತ್ತೆ ಮಗುಚಿದಾಗ ಕ್ರೇಟಿನಿಂದಲೂ ಏನೂ ಜಾರಲಿಲ್ಲ.

ಕಟ್ಟುವ ಹಗ್ಗದ ವಿಷಯವನ್ನೂ ಹೇಳಲೇಬೇಕು. ಬೈಕಿನ ಹಿಂದೆ ಸಾಮಾನು ಬಿಗಿಯುವ ಕೊಕ್ಕೆಯ ರಬ್ಬರ್ ಹಗ್ಗ ಸುಲಭವಾಗಿ ಸಿಗುತ್ತದೆ. ಆದರೆ ಅದರ ಕಬ್ಬಿಣದ ಕೊಕ್ಕೆ ಬೋರ್ಡಿನ ಮೈಯನ್ನು ಕೆರೆಯುತ್ತದೆ. ಕಾರಂಜಾದ ದಂಡೆಯಲ್ಲಿ ಬಲೆ ಬಿಡಿಸುತ್ತಿದ್ದ ಹಿರಿಯ ಮೀನುಗಾರರೊಬ್ಬರನ್ನು "ಕಾಕಾ, ಇದಕ್ಕ ಏನ್ ಕಟ್ಟಬೇಕ್ರಿ?" ಎಂದು ಕೇಳಿದಾಗ ಅವರು ಹಳೆಯ ಸೈಕಲ್ ಟ್ಯೂಬನ್ನು ಉದ್ದಕ್ಕೆ ಸೀಳಿ ಕೊಟ್ಟರು. ಒದ್ದೆಯಾದರೂ ಅದು ಜಾರುವುದಿಲ್ಲ, ಎಳೆದಷ್ಟು ಬಿಗಿಯುತ್ತದೆ, ಬೋರ್ಡಿಗೆ ಗೀರು ಬೀಳುವುದಿಲ್ಲ. ಬಿಸಿಲಿಗೆ ಬಿರುಕು ಬಿಡುವುದರಿಂದ ಆಗಾಗ ಬದಲಿಸಬೇಕು, ಅಷ್ಟೇ.

ಬೇಸಿಗೆಯಲ್ಲಿ ಇಡೀ ದಿನ ನೀರಿನ ಮೇಲಿರುವವರಿಗೆ ನಡುವೆ ಐಸ್ ಬಾಕ್ಸು, ಮುಂದೆ ಚೀಲ, ಕೋಲುಗಳನ್ನು ಬಾಕ್ಸಿನ ಬದಿಗೇ ಕಟ್ಟಿದ ಪೈಪುಗಳಲ್ಲಿ ಇಡುವ ವ್ಯವಸ್ಥೆಯನ್ನೇ ನಾನು ಹೇಳುತ್ತೇನೆ. ಗಾಳಿಯಿಲ್ಲದ ಚಳಿಗಾಲದ ಬೆಳಗಿನಲ್ಲಿ ದಂಡೆಯ ಜೊಂಡಿನ ಪಕ್ಕ ಕೊರಮೀನಿಗೆ ಎರಡು ತಾಸು ಗಾಳ ಹಾಕಿ ಬರುವುದಾದರೆ ಕ್ರೇಟೇ ಹೆಚ್ಚು ಅನುಕೂಲ. ಆಗ ಫೋನು, ಕೀಲಿಗಳಿಗೆ 5 ಲೀಟರಿನ ಸಣ್ಣ ಚೀಲವೊಂದು ಸಾಕು. ಯಾವುದನ್ನು ಆರಿಸಿಕೊಂಡರೂ ಸಾಮಾನನ್ನು ಬೋರ್ಡು ನೀರಿಗಿಳಿದ ಮೇಲೆಯೇ ಕಟ್ಟಬೇಕು. ನಮ್ಮ ಜಲಾಶಯಗಳ ದಂಡೆಯಲ್ಲಿ ಬಳ್ಳಾರಿ ಜಾಲಿಯ ಮುಳ್ಳು ಎಲ್ಲೆಲ್ಲೂ ಬಿದ್ದಿರುತ್ತದೆ. ಭಾರ ಹೊತ್ತ ಬೋರ್ಡನ್ನು ಅದರ ಮೇಲೆ ಎಳೆಯುವಂತಿಲ್ಲ.