ಇಬ್ಬರು ಕೂತು ಕಾರ್ಡ್ ಮಾಡಲು: ಯಾವ ಇಂಕು, ಯಾವ ಸ್ಟ್ಯಾಂಪು, ಯಾವ ಕಾಗದ

ರಬ್ಬರ್ ಸ್ಟ್ಯಾಂಪ್ ಒತ್ತಿ ಶುಭಾಶಯ ಕಾರ್ಡ್ ಮಾಡಲು ಹೊರಟ ಗೆಳತಿಯರು ಮೊದಲು ದುಡ್ಡು ಹಾಕುವುದು ಸ್ಟ್ಯಾಂಪುಗಳಿಗೆ. ಹೂವು, ಹಕ್ಕಿ, ಬಳ್ಳಿ ಅಂತ ಸೆಟ್ ಮೇಲೆ ಸೆಟ್ ಮನೆಗೆ ಬರುತ್ತವೆ. ಇಂಕಿಗೆ ಮಾತ್ರ ಆಫೀಸಿನ ನೇರಳೆ ಪ್ಯಾಡೇ ಗತಿ. ಈ ಲೆಕ್ಕವನ್ನು ತಿರುಗಿಸಬೇಕು. ಒಳ್ಳೆಯ ಇಂಕು ಮತ್ತು ಸರಿಯಾದ ಕಾಗದ ಇದ್ದರೆ ಸಾಧಾರಣ ಸ್ಟ್ಯಾಂಪೂ ಚೊಕ್ಕವಾಗಿ ಮೂಡುತ್ತದೆ. ಅವೆರಡೂ ಕೈಕೊಟ್ಟರೆ ಎಷ್ಟು ದುಬಾರಿ ಸ್ಟ್ಯಾಂಪ್ ತಂದರೂ ಮಸುಕು ಮಸುಕೇ. ಇಬ್ಬರು ಒಂದೇ ಮೇಜಿನಲ್ಲಿ ಕೂತು ಹತ್ತು ಹನ್ನೆರಡು ಕಾರ್ಡ್ ಮಾಡುತ್ತೀರಿ ಎಂದುಕೊಂಡು ಇಲ್ಲಿ ಒಂದೊಂದೇ ಸಾಮಾನನ್ನು ತೂಗಿ ನೋಡಿದ್ದೇವೆ.

ಆಫೀಸ್ ಪ್ಯಾಡನ್ನು ಮೊದಲೇ ಪಕ್ಕಕ್ಕಿಡೋಣ. ಅದರ ಇಂಕು ರಸೀದಿ, ಅರ್ಜಿಗಳ ತೆಳು ಕಾಗದಕ್ಕೆ ಹೊಂದುವಂಥದ್ದು. ದಪ್ಪ ಕಾರ್ಡಿನ ಮೇಲೆ ಗೆರೆಯ ಅಂಚು ದಾಟಿ ಹರಡುತ್ತದೆ, ಹಸಿ ಬೆರಳು ತಾಗಿದರೆ ಕದಡುತ್ತದೆ. ಕಾರ್ಡಿಗೆ ಬೇಕಿರುವುದು ಎರಡು ಬಗೆಯ ಕಪ್ಪು ಇಂಕು. ಎರಡೂ ಬೇಕು, ಯಾಕೆಂದರೆ ಒಂದು ಮಾಡುವ ಕೆಲಸವನ್ನು ಇನ್ನೊಂದು ಮಾಡುವುದಿಲ್ಲ.

ಮೊದಲನೆಯದು ಜಪಾನಿನ ತ್ಸುಕಿನೆಕೊ ಕಂಪನಿಯ ಮೆಮೆಂಟೊ, ಬಣ್ಣದ ಹೆಸರು ಟಕ್ಸೀಡೊ ಬ್ಲ್ಯಾಕ್. ಇದು ಡೈ ಇಂಕು. ಕಾಗದದೊಳಗೆ ಇಳಿದು ಬೇಗ ಒಣಗುತ್ತದೆ. ಒಣಗಿದ ಮೇಲೆ ಕೋಪಿಕ್‌ನಂಥ ಆಲ್ಕೋಹಾಲ್ ಮಾರ್ಕರಿನಿಂದ ಬಣ್ಣ ತುಂಬಿದರೂ ಗೆರೆ ಕದಲುವುದಿಲ್ಲ. ಆದರೆ ಅದೇ ಗೆರೆಯ ಮೇಲೆ ಜಲವರ್ಣದ ಕುಂಚ ಆಡಿಸಿದರೆ ಕಪ್ಪು ಕರಗಿ ಗುಲಾಬಿ ದಳವೆಲ್ಲ ಬೂದಿ ಬಣ್ಣವಾಗುತ್ತದೆ. ಎರಡನೆಯದು ಅದೇ ಕಂಪನಿಯ ವರ್ಸಾಫೈನ್, ಆನಿಕ್ಸ್ ಬ್ಲ್ಯಾಕ್. ಇದು ಎಣ್ಣೆಯಂಶವಿರುವ ಪಿಗ್ಮೆಂಟ್ ಇಂಕು, ಅಂದರೆ ಬಣ್ಣದ ಕಣಗಳು ಕಾಗದದ ಮೇಲೆಯೇ ಕೂರುವಂಥದ್ದು. ಕೂದಲೆಳೆಯಂಥ ಗೆರೆಯನ್ನೂ ಬಿಡಿಸಿ ತೋರಿಸುತ್ತದೆ, ಇದರ ಕಪ್ಪು ನಿಜವಾಗಿಯೂ ಕಪ್ಪು. ಒಣಗಿದ ಮೇಲೆ ನೀರಿಗೆ ಜಗ್ಗುವುದಿಲ್ಲ, ಆದ್ದರಿಂದ ಜಲವರ್ಣಕ್ಕೆ ಇದೇ. ಆದರೆ ಆಲ್ಕೋಹಾಲ್ ಮಾರ್ಕರ್ ತಾಗಿಸಿದರೆ ಕಪ್ಪು ಬಳಿದುಕೊಂಡು ಹೋಗುತ್ತದೆ, ಮಾರ್ಕರಿನ ತುದಿಯೂ ಹಾಳು. ಮಾರ್ಕರಾದರೆ ಮೆಮೆಂಟೊ, ಕುಂಚವಾದರೆ ವರ್ಸಾಫೈನ್. ಹೊಸಬರ ಕಾರ್ಡುಗಳಲ್ಲಿ ಕಾಣುವ ಕೊಳಕು ಕಲೆಗಳಲ್ಲಿ ಹೆಚ್ಚಿನವು ಈ ಜೋಡಿ ಅದಲುಬದಲಾಗಿ ಆದವು.

ಬಣ್ಣದ ಇಂಕುಗಳಲ್ಲಿ ದೊಡ್ಡ ಪ್ಯಾಡ್ ಕೊಳ್ಳುವ ಅಗತ್ಯವಿಲ್ಲ. ಮೆಮೆಂಟೊದ್ದೇ ಹನಿಯಾಕಾರದ ಸಣ್ಣ ಪ್ಯಾಡುಗಳು ಸಿಗುತ್ತವೆ, ಡ್ಯೂ ಡ್ರಾಪ್ ಅಂತ. ಕಪ್ಪನ್ನು ದೊಡ್ಡದರಲ್ಲಿ, ಉಳಿದ ಬಣ್ಣಗಳನ್ನು ಇದರಲ್ಲಿ ತೆಗೆದುಕೊಂಡರೆ ಇಬ್ಬರೂ ಬೇರೆ ಬೇರೆ ಬಣ್ಣ ಕೊಂಡು ಹಂಚಿಕೊಳ್ಳಬಹುದು. ಮೊನಚು ತುದಿಯಿಂದ ಹೂವಿನ ಒಂದು ದಳಕ್ಕೆ ಒಂದು ಬಣ್ಣ, ಪಕ್ಕದ ಎಲೆಗೆ ಇನ್ನೊಂದು ಮುಟ್ಟಿಸಲು ಬರುತ್ತದೆ. ಅಮೆರಿಕದ ರೇಂಜರ್ ಕಂಪನಿಯ ಡಿಸ್ಟ್ರೆಸ್ ಇಂಕಿನ ಸ್ವಭಾವವೇ ನೀರಿಗೆ ಹರಿಯುವುದು. ಸ್ಪಂಜಿನಿಂದ ಹಿನ್ನೆಲೆ ಸವರಿ ಮೇಲೆ ನಾಲ್ಕು ಹನಿ ನೀರು ಚಿಮುಕಿಸಲು ಅದು ಸೊಗಸು, ಆದರೆ ಹೊರಗೆರೆ ಒತ್ತಲು ಬೇಡ. ತ್ಸುಕಿನೆಕೊದ ಸ್ಟೇಜಾನ್ ಅನ್ನು ಪ್ಲಾಸ್ಟಿಕ್ ಹಾಳೆ, ಗಾಜು, ಲೋಹಕ್ಕೆ ಮಾತ್ರ ಇಟ್ಟುಕೊಳ್ಳಿ. ಅದು ದ್ರಾವಕದ ಇಂಕು. ಪಾರದರ್ಶಕ ಸ್ಟ್ಯಾಂಪುಗಳಿಗೆ ಕಲೆ ಹಿಡಿಸುತ್ತದೆ, ಬರಿ ನೀರಿಗೆ ಹೋಗುವುದಿಲ್ಲ. ಬರೀ ಕಾಗದದ ಕಾರ್ಡ್ ಮಾಡುವವರು ಅದನ್ನು ಕೊಳ್ಳದಿದ್ದರೆ ನಷ್ಟವಿಲ್ಲ.

ಸ್ಟ್ಯಾಂಪುಗಳಲ್ಲಿ ಕೆಂಪು ರಬ್ಬರಿನದು ಮತ್ತು ಪಾರದರ್ಶಕ ಪಾಲಿಮರಿನದು ಎಂದು ಎರಡು ಬಗೆ. ಕೆಂಪು ರಬ್ಬರ್ ಇಂಕನ್ನು ಸಮನಾಗಿ ಹಿಡಿಯುತ್ತದೆ, ಸೂಕ್ಷ್ಮ ಗೆರೆಗೆ ಅದೇ ಮೇಲು, ಬಾಳಿಕೆಯೂ ಹೆಚ್ಚು. ಪಾಲಿಮರಿನ ದೊಡ್ಡ ಗುಣವೆಂದರೆ ಎಲ್ಲಿ ಬೀಳುತ್ತದೆ ಎಂಬುದು ಆರಪಾರ ಕಾಣುತ್ತದೆ. ಅಕ್ರಿಲಿಕ್ ಬ್ಲಾಕಿಗೆ (ಹಿಡಿಯಾಗುವ ಪಾರದರ್ಶಕ ಪ್ಲಾಸ್ಟಿಕ್ ತುಂಡು) ಅಂಟಿಸಿ ಒತ್ತಿ, ಕಿತ್ತು, ತೆಳು ಹಾಳೆಗೆ ಮರಳಿಸಿದರೆ ಇಪ್ಪತ್ತು ಸ್ಟ್ಯಾಂಪ್ ಒಂದು ಪುಸ್ತಕದಷ್ಟೇ ಜಾಗದಲ್ಲಿ ಕೂರುತ್ತವೆ. ಇಬ್ಬರ ನಡುವೆ ಕೈ ಬದಲಾಯಿಸಲು ಇದೇ ಅನುಕೂಲ. ಆದರೆ ಹೊಸ ಪಾಲಿಮರ್ ಸ್ಟ್ಯಾಂಪ್ ಪೊಟ್ಟಣ ಬಿಚ್ಚಿದ ಕೂಡಲೇ ಸರಿಯಾಗಿ ಒತ್ತುವುದಿಲ್ಲ. ತಯಾರಿಕೆಯ ಜಿಡ್ಡು ಮೇಲ್ಮೈಯಲ್ಲಿ ಉಳಿದಿರುವುದರಿಂದ ಇಂಕು ಹನಿ ಹನಿಯಾಗಿ ಒಡೆದು ನಿಲ್ಲುತ್ತದೆ, ಅಚ್ಚು ಚುಕ್ಕೆ ಚುಕ್ಕೆಯಾಗಿ ಬೀಳುತ್ತದೆ. ಶಾಲೆ ಮಕ್ಕಳ ಬಿಳಿ ಎರೇಸರಿನಿಂದ ಮೇಲ್ಮೈಯನ್ನು ಹಗುರವಾಗಿ ಒಮ್ಮೆ ಉಜ್ಜಿ, ಒದ್ದೆ ಬಟ್ಟೆಯಲ್ಲಿ ಒರೆಸಿ. ಅಷ್ಟಕ್ಕೇ ಸರಿಹೋಗುತ್ತದೆ. ಸ್ಟ್ಯಾಂಪೇ ಕೆಟ್ಟದ್ದೆಂದು ವಾಪಸ್ ಕಳಿಸುವ ಮೊದಲು ಇದನ್ನು ಮಾಡಿ ನೋಡಿ. ಕಿಟಕಿಯ ಬಿಸಿಲು ಬೀಳುವ ಕಡೆ ಇಟ್ಟರೆ ಪಾಲಿಮರ್ ಹಳದಿಯಾಗಿ ಗಟ್ಟಿಯಾಗುತ್ತದೆ. ಸ್ಪಿರಿಟಿನಲ್ಲಿ ಒರೆಸಬೇಡಿ, ನೀರು ಅಥವಾ ಆಲ್ಕೋಹಾಲ್ ಇಲ್ಲದ ಮಕ್ಕಳ ವೈಪ್ಸ್ ಸಾಕು.

ಒತ್ತುವ ಕ್ರಮ. ಸ್ಟ್ಯಾಂಪನ್ನು ಪ್ಯಾಡಿನ ಮೇಲೆ ಬಡಿಯದೆ ಪ್ಯಾಡನ್ನೇ ಸ್ಟ್ಯಾಂಪಿನ ಮೇಲೆ ಮೆಲ್ಲಗೆ ತಟ್ಟಿ. ಎಲ್ಲಿ ಇಂಕು ಹತ್ತಿದೆ, ಎಲ್ಲಿ ಇಲ್ಲ ಎಂಬುದು ಆಗ ಕಾಣುತ್ತದೆ. ಪಾಲಿಮರ್ ಆದರೆ ಕಾರ್ಡಿನ ಕೆಳಗೆ 2 ಮಿ.ಮೀ. ಫೋಮ್ ಹಾಳೆ ಇರಲಿ. ನೇರ ಇಳಿಸಿ, ನಾಲ್ಕು ಮೂಲೆಗೂ ನಡುವಿಗೂ ಸಮನಾಗಿ ಒತ್ತಿ, ನೇರ ಎತ್ತಿ. ಆ ಕಡೆ ಈ ಕಡೆ ತೂಗಿದರೆ ಬ್ಲಾಕಿನ ಅಂಚು ಕಾರ್ಡಿಗೆ ತಾಗಿ ಗೆರೆ ಎಳೆಯುತ್ತದೆ. ಅಂಚುಗಳು ದಪ್ಪಗೆ ಬಂದು ಒಳಭಾಗ ಖಾಲಿ ಉಳಿದರೆ ಇಂಕು ಹೆಚ್ಚಾಗಿದೆ ಎಂದರ್ಥ. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಡೈ ಇಂಕು ಸ್ಟ್ಯಾಂಪಿನ ಮೇಲೆಯೇ ಆರಿಬಿಡುತ್ತದೆ. ಒತ್ತುವ ಮುಂಚೆ ಬಾಯಿಂದ ಒಮ್ಮೆ ಹಬೆಯಾಡಿಸಿದರೆ ಮತ್ತೆ ಹಸಿಯಾಗುತ್ತದೆ. ಮಂಗಳೂರಿನ ಮಳೆಗಾಲದಲ್ಲಿ ಇದರ ತದ್ವಿರುದ್ಧ: ವರ್ಸಾಫೈನ್ ಗಂಟೆಗಟ್ಟಲೆ ಹಸಿಯಾಗಿಯೇ ಇರುತ್ತದೆ, ಆ ಕಾರ್ಡನ್ನು ರಾತ್ರಿಯಿಡೀ ಬಿಚ್ಚಿಟ್ಟು ಮರುದಿನ ಲಕೋಟೆಗೆ ಹಾಕಬೇಕು.

ಒಂದೇ ಕಾರ್ಡನ್ನು ಹನ್ನೆರಡು ಸಲ ಮಾಡುವವರಿಗೆ ಸ್ಟ್ಯಾಂಪಿಂಗ್ ಪ್ಲಾಟ್‌ಫಾರ್ಮ್ ಖಂಡಿತ ಬೇಕು, ಇದರಲ್ಲಿ ನಮಗೆ ಎರಡು ಮಾತಿಲ್ಲ. ಕೀಲು ಹಾಕಿದ ಪಾರದರ್ಶಕ ಮುಚ್ಚಳ, ಕೆಳಗೆ ಗೆರೆಚೌಕದ ತಟ್ಟೆ, ಕಾಗದ ಹಿಡಿಯಲು ಎರಡು ಅಯಸ್ಕಾಂತ: ಇಷ್ಟೇ ಅದು. ಕಾರ್ಡನ್ನು ಮೂಲೆಗೆ ಕೂರಿಸಿ, ಸ್ಟ್ಯಾಂಪನ್ನು ಬೇಕಾದ ಜಾಗದಲ್ಲಿ ಮುಖ ಕೆಳಗಾಗಿಸಿ ಇಟ್ಟು ಮುಚ್ಚಳ ಮುಚ್ಚಿದರೆ ಸ್ಟ್ಯಾಂಪ್ ಮುಚ್ಚಳಕ್ಕೆ ಅಂಟುತ್ತದೆ. ಇನ್ನು ಎಷ್ಟು ಸಲ ಇಂಕು ತಟ್ಟಿ ಒತ್ತಿದರೂ ಅದೇ ಜಾಗ. ಮೊದಲ ಸಲ ತೆಳುವಾಗಿ ಬಂದದ್ದನ್ನು ಎರಡನೆಯ ಒತ್ತಿನಲ್ಲಿ ತುಂಬಬಹುದು; ಒರಟು ಜಲವರ್ಣ ಕಾಗದದ ಮೇಲೆ ಬೇರೆ ದಾರಿಯೇ ಇಲ್ಲ. ಈ ಬಗೆಯ ಉಪಕರಣಕ್ಕೆ ಹೆಸರು ತಂದದ್ದು ಅಮೆರಿಕದ ಮಿಸ್ಟಿ. ಅದರ ಜೊತೆ ಬರುವ ಫೋಮ್ ಹಾಳೆಯನ್ನು ಪಾಲಿಮರಿಗೆ ಇಟ್ಟುಕೊಳ್ಳಬೇಕು, ದಪ್ಪ ಕೆಂಪು ರಬ್ಬರಿಗೆ ತೆಗೆಯಬೇಕು. ಇದನ್ನು ಮರೆತರೆ ಮುಚ್ಚಳ ಓರೆಯಾಗಿ ಒಂದು ಬದಿ ಮಾತ್ರ ಮೂಡುತ್ತದೆ. ಮರದ ಹಿಡಿಯ ಸ್ಟ್ಯಾಂಪ್ ಇದರೊಳಗೆ ಕೂರುವುದಿಲ್ಲ. ಹೆಸರಿಲ್ಲದ ಅಗ್ಗದ ಅಕ್ರಿಲಿಕ್ ಪ್ಲಾಟ್‌ಫಾರ್ಮುಗಳೂ ಸಿಗುತ್ತವೆ, ತೆಗೆದುಕೊಳ್ಳಬಹುದು, ಕೀಲನ್ನು ಪರೀಕ್ಷಿಸಿ ಮಾತ್ರ. ತೆಳುಗೆರೆಯ ಸ್ಟ್ಯಾಂಪೊಂದನ್ನು ಒಂದೇ ಕಾಗದದ ಮೇಲೆ ಮೂರು ಸಲ ಒತ್ತಿ. ಗೆರೆ ಜೋಡಿಯಾಗಿ ಕಂಡರೆ ಕೀಲು ಅಲುಗುತ್ತಿದೆ. ಅದನ್ನು ಕೊಳ್ಳುವುದಕ್ಕಿಂತ ಬ್ಲಾಕೇ ವಾಸಿ.

ಇಬ್ಬರಿಗೆ ಒಂದೇ ಪ್ಲಾಟ್‌ಫಾರ್ಮ್ ಸಾಕು, ಕೆಲಸ ಹಂಚಿಕೊಂಡರೆ. ಒಬ್ಬರದು ಇಂಕಿನ ಕೈ, ಇನ್ನೊಬ್ಬರದು ಶುಚಿ ಕೈ. ಇಂಕಿನ ಕೈಯವರು ಪ್ಯಾಡ್, ಸ್ಟ್ಯಾಂಪ್, ಒರೆಸುವ ಬಟ್ಟೆ ಮುಟ್ಟುತ್ತಾರೆ, ಕಾಗದ ಮುಟ್ಟುವುದಿಲ್ಲ. ಶುಚಿ ಕೈಯವರು ಕಾರ್ಡ್ ಇಡುತ್ತಾರೆ, ತೆಗೆಯುತ್ತಾರೆ, ಒಣಗಲು ಹರಡುತ್ತಾರೆ. ಬಿಳಿ ಕಾರ್ಡಿನ ಅಂಚಿನಲ್ಲಿ ಬೆರಳಚ್ಚು ಬೀಳುವುದು ಇದರಿಂದಲೇ ನಿಲ್ಲುತ್ತದೆ.

ಎಂಬಾಸಿಂಗಿಗೆ, ಅಂದರೆ ಅಚ್ಚಿನ ಮೇಲೆ ಪುಡಿ ಉದುರಿಸಿ ಬಿಸಿಗೆ ಕರಗಿಸಿ ಉಬ್ಬಿಸುವುದಕ್ಕೆ, ವರ್ಸಾಮಾರ್ಕ್ ಪ್ಯಾಡ್ ಒಂದೇ ಒಂದು ಸಾಕು. ಅದು ಬಣ್ಣವಿಲ್ಲದ ಅಂಟಿನಂಥ ಇಂಕು, ಅದಕ್ಕೆಂದೇ ಕೊಳೆಯಾದರೆ ಬೇಗ ತಿಳಿಯುವುದಿಲ್ಲ. ಕಪ್ಪು ಒರೆಸದ ಸ್ಟ್ಯಾಂಪನ್ನು ಅದಕ್ಕೆ ಒಮ್ಮೆ ತಾಗಿಸಿದರೂ ಮುಂದಿನ ಬಿಳಿ ಅಕ್ಷರಗಳೆಲ್ಲ ಮಾಸಲು. ಕ್ರಮ ಹೀಗೆ: ಎಂಬಾಸಿಂಗ್ ಪುಡಿ ಬೇಡದ ಕಡೆ ಅಂಟದಂತೆ ಕಾರ್ಡನ್ನು ಆಂಟಿಸ್ಟ್ಯಾಟಿಕ್ ಪುಡಿಯ ಚೀಲದಿಂದ ಹಗುರವಾಗಿ ತಟ್ಟಿ. ಚೀಲ ಇಲ್ಲದಿದ್ದರೆ ತೆಳು ಬಟ್ಟೆಯಲ್ಲಿ ಕಟ್ಟಿದ ಟಾಲ್ಕಂ ಪೌಡರ್ ನಡೆಯುತ್ತದೆ. ಒತ್ತಿ, ಕೂಡಲೇ ಎಂಬಾಸಿಂಗ್ ಪುಡಿ ಸುರಿಯಿರಿ. ನಡುವೆ ಮಡಚಿದ ಹಾಳೆಯ ಮೇಲೆ ಹೆಚ್ಚುವರಿ ಪುಡಿ ಕೊಡವಿ ಡಬ್ಬಿಗೆ ವಾಪಸ್ ಹಾಕಿ. ಆಚೀಚೆ ಅಂಟಿದ ಕಣಗಳನ್ನು ಒಣ ಕುಂಚದಿಂದ ತೆಗೆದು ಆಮೇಲೆ ಬಿಸಿ ಕೊಡಿ. ಈ ಪುಡಿ ಕೊಡವುವುದು, ಬಿಸಿ ಕೊಡುವುದು ಶುಚಿ ಕೈಯ ಕೆಲಸ. ಚಿನ್ನದ ಪುಡಿಗೂ ಬಿಳಿ ಪುಡಿಗೂ ಹಾಳೆ ಬೇರೆ, ಕುಂಚ ಬೇರೆ.

ಕೂದಲು ಒಣಗಿಸುವ ಡ್ರೈಯರ್ ಇದಕ್ಕಾಗುವುದಿಲ್ಲ. ಅದರ ಗಾಳಿ ಹೆಚ್ಚು, ಬಿಸಿ ಕಡಿಮೆ, ಪುಡಿ ಹಾರಿಹೋಗುತ್ತದೆ. ಪೇಂಟ್ ಕೀಳುವವರ 1500 ವ್ಯಾಟಿನ ಹಾಟ್ ಏರ್ ಗನ್ ಕಾಗದವನ್ನೇ ಸುಡುತ್ತದೆ. ಕ್ರಾಫ್ಟಿಗೆಂದು ಬರುವ 300 ವ್ಯಾಟ್ ಆಸುಪಾಸಿನ ಹೀಟ್ ಗನ್ ಸರಿ. ಮೊದಲು ಹತ್ತು ಸೆಕೆಂಡ್ ಬೇರೆ ಕಡೆ ತಿರುಗಿಸಿ ಕಾಯಿಸಿ, ನಂತರ ಸುಮಾರು 5 ಸೆಂ.ಮೀ. ದೂರದಿಂದ ಹಿಡಿಯಿರಿ. ಒರಟು ಪುಡಿ ಕರಗಿ ಹೊಳಪಾಗುವುದು ಕಣ್ಣಿಗೆ ಕಾಣುತ್ತದೆ. ಹೊಳೆದ ಕಡೆಯಿಂದ ತಕ್ಷಣ ಮುಂದೆ ಸರಿಯಿರಿ. ಅಲ್ಲೇ ನಿಂತರೆ ಕರಗಿದ್ದು ಕಾಗದಕ್ಕೆ ಇಳಿದು ಎಣ್ಣೆ ಕಲೆಯಂತಾಗುತ್ತದೆ, ಉಬ್ಬು ಹೋಗುತ್ತದೆ. ಅಕ್ಷರಗಳಿಗೆ ಸೂಪರ್‌ಫೈನ್ (ತೀರಾ ಸಣ್ಣ ಕಣದ) ಪುಡಿಯೇ ಬೇಕು, ಸಾಧಾರಣ ಪುಡಿ ಅಕ್ಷರದ ಹೊಟ್ಟೆ ಮುಚ್ಚುತ್ತದೆ.

ಕಾಗದ 250ರಿಂದ 300 ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ ತೂಕ) ಇರಲಿ, ನಯವಾದ, ಹೊಳಪು ಲೇಪನವಿಲ್ಲದ ಐವರಿ ಬೋರ್ಡ್ ಆದರೆ ಒಳ್ಳೆಯದು. ಹೊಳಪಿನ ಆರ್ಟ್ ಕಾರ್ಡಿನ ಮೇಲೆ ಸ್ಟ್ಯಾಂಪ್ ಜಾರುತ್ತದೆ, ಪಿಗ್ಮೆಂಟ್ ಇಂಕು ಒಣಗುವುದೇ ಇಲ್ಲ. ಎ4 ಹಾಳೆಯನ್ನು 148.5 ಮಿ.ಮೀ.ಗೆ ಅಡ್ಡ ಕತ್ತರಿಸಿ, ಪ್ರತಿ ತುಂಡನ್ನು 105ಕ್ಕೆ ಮಡಚಿದರೆ ಎರಡು ಕಾರ್ಡ್. ಬಹುತೇಕ ಎ4 ಹಾಳೆಗಳಲ್ಲಿ ನಾರು ಉದ್ದಕ್ಕೆ ಓಡುವುದರಿಂದ ಈ ಮಡಿಕೆ ನಾರಿನ ಜೊತೆಗೇ ಬಿದ್ದು ನುಣುಪಾಗಿ ಕೂರುತ್ತದೆ. ಅದೇ ಹಾಳೆಯನ್ನು ಉದ್ದಕ್ಕೆ ಸೀಳಿ ಮಡಚಿದರೆ ಮಡಿಕೆ ನಾರಿಗೆ ಅಡ್ಡ ಬಂದು ಬಿರುಕು ಬಿಡುತ್ತದೆ, ಬಣ್ಣದ ಕಾರ್ಡಾದರೆ ಬಿಳಿ ತಿರುಳು ಇಣುಕುತ್ತದೆ. ಅನುಮಾನವಿದ್ದರೆ ಹಾಳೆಯನ್ನು ಎರಡೂ ಕಡೆ ಮೆಲ್ಲಗೆ ಬಾಗಿಸಿ. ಸುಲಭವಾಗಿ ಬಾಗಿದ ದಿಕ್ಕಿನ ಮಡಿಕೆಯೇ ಸರಿ. ಮಡಚುವ ಮೊದಲು ಇಂಕು ಮುಗಿದ ಬಾಲ್‌ಪೆನ್ನಿನಿಂದ ಗೆರೆ ಒತ್ತಿಕೊಳ್ಳಬೇಕು. ಒಂದು ಎಚ್ಚರಿಕೆ: ಅಮೆರಿಕದ ಹಿನ್ನೆಲೆ ಸ್ಟ್ಯಾಂಪುಗಳು ಅಲ್ಲಿನ 4.25 × 5.5 ಇಂಚಿನ ಕಾರ್ಡಿಗೆ ಅಳೆದವು. ನಮ್ಮ ಎ6 ಕಾರ್ಡಿನ ಎತ್ತರದಲ್ಲಿ ಸುಮಾರು 9 ಮಿ.ಮೀ. ಖಾಲಿ ಉಳಿಯುತ್ತದೆ. ಅಲ್ಲೊಂದು ಬಣ್ಣದ ಪಟ್ಟಿ ಅಂಟಿಸುವುದು ಸುಲಭದ ಉಪಾಯ. ಲಕೋಟೆ ಸಿ6, ಅಂದರೆ 114 × 162 ಮಿ.ಮೀ.

ಇನ್ನು ಕನ್ನಡದ ಮಾತು. ಅಂಗಡಿಯ ಸೆಟ್ಟುಗಳಲ್ಲಿ ಇಂಗ್ಲಿಷ್ ಶುಭಾಶಯಗಳೇ ತುಂಬಿವೆ. ಅಜ್ಜಿಗೆ, ಮೇಷ್ಟರಿಗೆ ಕಳಿಸುವ ಯುಗಾದಿ ಕಾರ್ಡಿನಲ್ಲಿ ಇಂಗ್ಲಿಷ್ ಯಾಕೆ? ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲೂ, ಊರೂರಿನ ಕೋರ್ಟು, ತಾಲ್ಲೂಕು ಕಚೇರಿಯ ಆಸುಪಾಸಿನಲ್ಲೂ ಸೀಲು ಮಾಡುವವರಿದ್ದಾರೆ. ನಮ್ಮ ಪ್ರಕಾರ ಇಡೀ ಖರ್ಚಿನಲ್ಲಿ ಅತಿ ಹೆಚ್ಚು ಸಾರ್ಥಕವಾಗುವುದು ಅವರಿಂದ ಮಾಡಿಸಿದ ಒಂದು ಕನ್ನಡ ಸ್ಟ್ಯಾಂಪ್. ‘ಹಬ್ಬದ ಶುಭಾಶಯಗಳು’ ಎಂದು ಮಾಡಿಸಿದರೆ ಯುಗಾದಿ, ಗೌರಿ ಗಣೇಶ, ದೀಪಾವಳಿ ಎಲ್ಲಕ್ಕೂ ಆಯಿತು. ಗೆಳತಿ ‘ಹುಟ್ಟುಹಬ್ಬದ ಶುಭಾಶಯಗಳು’ ಮಾಡಿಸಲಿ.

ತಾನಾಗಿ ಇಂಕು ಹಾಕಿಕೊಳ್ಳುವ ಪ್ಲಾಸ್ಟಿಕ್ ಡಬ್ಬಿಯದು ಬೇಡ ಎನ್ನಿ, ಅದರಲ್ಲಿ ಬಣ್ಣವನ್ನು ಸುಲಭವಾಗಿ ಬದಲಾಯಿಸಲಾಗದು. ಲೇಸರಿನಲ್ಲಿ ಕೆತ್ತಿದ ರಬ್ಬರ್ ಮಾತ್ರ, ಹಿಡಿ ಇಲ್ಲದೆ ಕೇಳಿ. ಎರಡು ಬದಿ ಅಂಟಿನ ಟೇಪಿನಿಂದ ಅದನ್ನು ಅಕ್ರಿಲಿಕ್ ಬ್ಲಾಕಿಗೆ ಕೂರಿಸಬಹುದು. ನುಡಿ, ಬರಹದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ ಕಡತ ಅವರ ಕಂಪ್ಯೂಟರಿನಲ್ಲಿ ಗೊಜಲಾಗಿ ತೆರೆಯುವ ಸಂಭವ ಹೆಚ್ಚು. ಪಿಡಿಎಫ್ ಅಥವಾ 600 ಡಿಪಿಐ ಕಪ್ಪುಬಿಳುಪು ಚಿತ್ರವನ್ನೇ ಕೊಡಿ. ಚಿತ್ರ ನೇರವಾಗಿರಲಿ, ಕನ್ನಡಿ ತಿರುವನ್ನು ಅವರೇ ಹಾಕುತ್ತಾರೆ, ನೀವೂ ತಿರುಗಿಸಿ ಕೊಟ್ಟರೆ ಅಚ್ಚು ಉಲ್ಟಾ ಬೀಳುತ್ತದೆ. ಮೂಲಾಕ್ಷರದ ಎತ್ತರ 4 ಮಿ.ಮೀ.ಗಿಂತ ಕಡಿಮೆ ಬೇಡ, ಯಾಕೆಂದರೆ ಒತ್ತಕ್ಷರ ಅದಕ್ಕಿಂತ ಸಣ್ಣದು, ‘ಟ್ಟು’, ‘ಬ್ಬ’ಗಳ ಒಳಗಿನ ಸಂದು ಇಂಕಿನಲ್ಲಿ ತುಂಬಿಹೋಗುತ್ತದೆ. ಎರಡು ಸಾಲಿನ ಬರಹವಾದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗದಷ್ಟು ಅಂತರ ಬಿಡಿಸಿ. ಕೆತ್ತುವ ಮುಂಚೆ ಕಾಗದದ ಮೇಲೆ ಅದೇ ಅಳತೆಯಲ್ಲಿ ಪ್ರಿಂಟ್ ತೆಗೆಸಿ ಓದಿ ನೋಡಿ.

ಹೊಸ ರಬ್ಬರ್ ಕೈಗೆ ಬಂದಾಗ ಸುಟ್ಟ ವಾಸನೆ ಇರುತ್ತದೆ, ಕೆತ್ತನೆಯ ಕರಿಪುಡಿ ಒತ್ತಕ್ಷರಗಳ ಸಂದಿನಲ್ಲಿ ಕೂತಿರುತ್ತದೆ. ಹಳೆಯ ಟೂತ್‌ಬ್ರಶ್ಶಿಗೆ ಸೋಪು ಹಚ್ಚಿ ತೊಳೆದು, ಪೂರ್ತಿ ಒಣಗಿಸಿ, ರದ್ದಿ ಕಾಗದದ ಮೇಲೆ ನಾಲ್ಕೈದು ಸಲ ಒತ್ತಿದ ಮೇಲಷ್ಟೇ ಕಾರ್ಡಿಗೆ ತನ್ನಿ.