ಅಕ್ಟೋಬರಿನ ಒಮಾನ್: ಉಡುಪಿಯ ಪ್ರವಾಸ ಸಂಸ್ಥೆಯೊಂದರ ಆರು ದಿನಗಳ ಸೇವೆ

ಕಳೆದ ಅಕ್ಟೋಬರ್ ಕೊನೆಯ ವಾರದಲ್ಲಿ ನಾನು, ನನ್ನ ಪತ್ನಿ ಮತ್ತು 71 ವರ್ಷದ ಅಮ್ಮ ಉಡುಪಿಯ ಪ್ರವಾಸ ಸಂಸ್ಥೆಯೊಂದರ ಮೂಲಕ ಆರು ದಿನ ಒಮಾನ್ ನೋಡಿ ಬಂದೆವು. ಅಲ್ಲಿ ಪ್ರವಾಸಿಗರ ದಟ್ಟಣೆ ನವೆಂಬರಿನಿಂದ ಮಾರ್ಚ್‌ವರೆಗೆ ಇರುತ್ತದೆ. ಬೇಸಿಗೆಯಲ್ಲಿ ಒಳನಾಡಿನ ಹಗಲು 40 ಡಿಗ್ರಿ ದಾಟುವುದು ಸಾಮಾನ್ಯ. ಇವೆರಡರ ನಡುವಿನ ಅಕ್ಟೋಬರ್ ಮತ್ತು ಏಪ್ರಿಲ್ ತಿಂಗಳುಗಳಲ್ಲಿ ದರ ಇಳಿದಿರುತ್ತದೆ, ಜನರೂ ಕಡಿಮೆ, ಆದರೆ ಬಿಸಿಲು ಮಾತ್ರ ಪೂರ್ತಿ ತಗ್ಗಿರುವುದಿಲ್ಲ. ನಮಗೆ ಡಿಸೆಂಬರಿನ ದರಕ್ಕಿಂತ ತಲಾ 18,000 ರೂಪಾಯಿ ಕಡಿಮೆಯಾಯಿತು. ಇಂಥ ತಿಂಗಳಲ್ಲಿ ಹೋಗುವವರಿಗೆ ಹೋಟೆಲಿಗಿಂತಲೂ ಹೊತ್ತಿನ ಹಂಚಿಕೆ ಮುಖ್ಯ, ಆದ್ದರಿಂದ ಸಂಸ್ಥೆಯ ಕೆಲಸವನ್ನು ನಾನು ಮುಖ್ಯವಾಗಿ ಅದರಿಂದಲೇ ಅಳೆದಿದ್ದೇನೆ.

ವೀಸಾ, ಟಿಕೆಟು, ಮಂಗಳೂರಿನ ಬಜ್ಪೆ ನಿಲ್ದಾಣದಿಂದ ಒಮಾನಿನ ರಾಜಧಾನಿ ಮಸ್ಕತ್ತಿಗೆ ನೇರ ವಿಮಾನ, ಇವುಗಳಲ್ಲಿ ಹೇಳುವಂಥ ತೊಂದರೆ ಏನೂ ಇರಲಿಲ್ಲ. ಮೊದಲ ಮೂರು ದಿನಗಳ ವೇಳಾಪಟ್ಟಿಯನ್ನು ಆ ದೇಶವನ್ನು ಬಲ್ಲವರೇ ಮಾಡಿದ್ದರೆಂಬುದು ಸ್ಪಷ್ಟವಾಗಿತ್ತು. ಸುಲ್ತಾನ್ ಖಾಬೂಸ್ ಮಹಾಮಸೀದಿಗೆ ಮುಸ್ಲಿಮೇತರರ ಪ್ರವೇಶ ಬೆಳಿಗ್ಗೆ 8ರಿಂದ 11ರವರೆಗೆ ಮಾತ್ರ, ಶುಕ್ರವಾರ ಅದೂ ಇಲ್ಲ. ನಮ್ಮನ್ನು ಗುರುವಾರ ಎಂಟು ಗಂಟೆಗೇ ಬಾಗಿಲಲ್ಲಿ ಇಳಿಸಿದರು, ಹೆಂಗಸರು ತಲೆ ಮುಚ್ಚಿಕೊಳ್ಳಲು ಶಾಲು ತರಬೇಕೆಂದು ಉಡುಪಿಯಲ್ಲೇ ತಿಳಿಸಿದ್ದರು. ಮುತ್ರಾ ಸಂತೆಯ ಅಂಗಡಿಗಳು ಮಧ್ಯಾಹ್ನ ಮುಚ್ಚಿ ಸಂಜೆ ತೆರೆಯುವುದರಿಂದ ಆ ಭೇಟಿಯನ್ನು ಸಂಜೆಗೆ ಇಟ್ಟು, ನಡುವಿನ ಸುಡುಬಿಸಿಲಿನ ಹೊತ್ತನ್ನು ಕೋಣೆಯ ವಿಶ್ರಾಂತಿಗೆ ಬಿಟ್ಟಿದ್ದರು. ಅಂದು ರಾತ್ರಿಯೇ ಸುಮಾರು 160 ಕಿಲೋಮೀಟರ್ ದೂರದ ನಿಜ್ವಾ ತಲುಪಿಸಿದ್ದರಿಂದ ಶುಕ್ರವಾರ ಬೆಳಿಗ್ಗೆ ಮಾತ್ರ ನಡೆಯುವ ಆಡಿನ ಸಂತೆಯನ್ನು ಬಿಸಿಲೇರುವ ಮೊದಲೇ ನೋಡಲು ಸಾಧ್ಯವಾಯಿತು.

ನಿಜ್ವಾದಲ್ಲಿ ಸಂಜೆ ಕಂಡ ಫಲಜ್ ದಾರಿಸ್ ಎಂಬ ನೀರಿನ ಕಾಲುವೆಯ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕಿದೆ. ನೆಲದಡಿಯ ನೀರನ್ನು ಸುರಂಗದ ಮೂಲಕ, ಯಾವ ಯಂತ್ರವೂ ಇಲ್ಲದೆ, ಇಳಿಜಾರಿನ ಬಲದಿಂದಲೇ ಹರಿಸಿ ಖರ್ಜೂರದ ತೋಟಗಳಿಗೆ ಮುಟ್ಟಿಸುವ ವ್ಯವಸ್ಥೆ ಅದು. ಇಂಥ ಐದು ಫಲಜ್‌ಗಳನ್ನು ಯುನೆಸ್ಕೋ 2006ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದೆ. ಯಾವ ತೋಟಕ್ಕೆ ಎಷ್ಟು ನೀರು ಎಂಬುದನ್ನು ಅಲ್ಲಿ ಹೊತ್ತಿನ ಲೆಕ್ಕದಲ್ಲಿ ಹಂಚುತ್ತಿದ್ದರು, ಹಗಲಿನ ಹೊತ್ತನ್ನು ನೆಟ್ಟ ಕೋಲಿನ ನೆರಳಿನಿಂದ ಅಳೆಯುತ್ತಿದ್ದರು. ಬಂಟ್ವಾಳ ತಾಲೂಕಿನ ನನ್ನ ಅಜ್ಜನ ಮನೆಯ ಗುಡ್ಡದಲ್ಲಿ ಮುರಕಲ್ಲನ್ನು ಅಡ್ಡಕ್ಕೆ ಕೊರೆದು ತೆಗೆದ ಸುರಂಗದ ನೀರನ್ನೇ ಕುಡಿದು ಬೆಳೆದ ಅಮ್ಮ, ಕಾಲುವೆಯ ಅಂಚಿನಲ್ಲಿ ಕುಳಿತು ನೀರಿಗೆ ಕಾಲು ಇಳಿಬಿಟ್ಟವರು ಅರ್ಧ ಗಂಟೆ ಏಳಲಿಲ್ಲ. "ಇದು ನಮ್ಮ ಸುರಂಗವೇ ಅಲ್ವಾ ಮಗಾ?" ಎಂದು ಕೇಳಿದರು. ಅವಸರಪಡಿಸದೆ ಕಾದು ನಿಂತ ಚಾಲಕನಿಗೆ ನಾನು ಋಣಿ.

ಶನಿವಾರ ಮಾತ್ರ ಲೆಕ್ಕ ತಪ್ಪಿತು. ಹತ್ತು ಗಂಟೆಗೆ ನಿಜ್ವಾದಿಂದ ಹೊರಡಿಸಿದ್ದರಿಂದ ಬಿದಿಯಾದ ಮರಳುಗಾಡಿನ ಶಿಬಿರಕ್ಕೆ ನಾವು ತಲುಪಿದಾಗ ಒಂದೂವರೆ. ಕರಪತ್ರದಲ್ಲಿ 'ಎಸಿ ಟೆಂಟ್' ಎಂದಿತ್ತು. ಜನರೇಟರ್ ಚಾಲೂ ಆಗುವುದು ಸಂಜೆ ಆರಕ್ಕೆ ಎಂಬುದನ್ನು ಯಾರೂ ಹೇಳಿರಲಿಲ್ಲ. ಕರಾವಳಿಯ ನಮಗೆ ಸೆಕೆ ಗೊತ್ತು, ಮೈಯಿಂದ ಬೆವರು ಇಳಿದರೆ ನೀರು ಕುಡಿಯಬೇಕೆಂಬುದೂ ಗೊತ್ತು. ಆದರೆ ಅಲ್ಲಿನ ಒಣಗಾಳಿಯಲ್ಲಿ ಬೆವರು ಮೈಮೇಲೆ ನಿಲ್ಲುವ ಮೊದಲೇ ಆರಿಹೋಗುವುದರಿಂದ ದೇಹ ಎಷ್ಟು ನೀರು ಕಳೆದುಕೊಳ್ಳುತ್ತಿದೆ ಎಂಬ ಅರಿವೇ ಆಗುವುದಿಲ್ಲ. ಎರಡೂವರೆಯ ಹೊತ್ತಿಗೆ ಅಮ್ಮನಿಗೆ ತಲೆಸುತ್ತು ಬಂತು. ಚಾಲಕನೇ ಅವರನ್ನು ಕಾರಿನ ಎಸಿಯಲ್ಲಿ ಕೂರಿಸಿ, ಬಿದಿಯಾ ಪೇಟೆಗೆ ಮರಳಿ, ಕೇರಳದವರ ಚಹಾದಂಗಡಿಯೊಂದರಲ್ಲಿ ಉಪ್ಪು-ಸಕ್ಕರೆ ಬೆರೆಸಿದ ಲಿಂಬೆ ಪಾನಕ ಮಾಡಿಸಿ ಕುಡಿಸಿದ. ಸಂಸ್ಥೆಯ ಸಹಾಯವಾಣಿಗೆ ಮೂರು ಬಾರಿ ಕರೆ ಮಾಡಿದರೂ ಉತ್ತರ ಬರಲಿಲ್ಲ. ಹಿರಿಯರನ್ನು ಕರೆದುಕೊಂಡು ಹೋಗುವ ಸಂಸ್ಥೆಯಿಂದ ಇಂಥ ಉದಾಸೀನವನ್ನು ಒಪ್ಪಲಾಗದು. ಆ ನಡುಮಧ್ಯಾಹ್ನವನ್ನು, ವರ್ಷವಿಡೀ ನೀರು ಮತ್ತು ಮರಗಳ ನೆರಳು ಇರುವ ವಾದಿ ಬನಿ ಖಾಲಿದ್ ಎಂಬ ಕಣಿವೆಯಲ್ಲಿ ಕಳೆಯುವಂತೆ ಮಾಡಿ ಸಂಜೆ ಮರಳುಗಾಡಿಗೆ ಕರೆತರಬಹುದಿತ್ತು. ಅವರು ಆ ಭೇಟಿಯನ್ನು ಮರುದಿನಕ್ಕೆ ಇಟ್ಟಿದ್ದರು.

ಸಂಜೆ ನಾಲ್ಕೂವರೆಯ ನಂತರ ಅದೇ ಮರಳುಗಾಡು ಬೇರೆಯೇ ಆಯಿತು. ಟಯರಿನ ಗಾಳಿಯನ್ನು ಅರ್ಧದಷ್ಟು ಇಳಿಸಿ ದಿಬ್ಬದ ಮೇಲೆ ಕರೆದೊಯ್ದರು. ಗಾಳಿ ಇಳಿದ ಟಯರು ಅಗಲವಾಗಿ ಹರಡಿ ಮರಳಿನಲ್ಲಿ ಹೂಳುವುದಿಲ್ಲವಂತೆ. ಸೂರ್ಯ ಮುಳುಗಿದ ಮೇಲೆ ಮೋಡವಿಲ್ಲದ ಆಕಾಶಕ್ಕೆ ನೆಲದ ಕಾವು ಬೇಗನೆ ಬಿಟ್ಟುಹೋಗಿ, ಹತ್ತು ಗಂಟೆಗೆ ನಾವು ಹೊದಿಕೆ ಕೇಳುವಂತಾಯಿತು. ಶಾಕಾಹಾರ ಎಂದು ಮೊದಲೇ ಹೇಳಿದ್ದೆವು, ಶಿಬಿರದಲ್ಲಿ ಸಿಕ್ಕಿದ್ದು ಅನ್ನ, ದಾಲ್, ಕಡಲೆ ಅರೆದು ಮಾಡುವ ಹಮ್ಮುಸ್ ಮತ್ತು ರೊಟ್ಟಿ, ಸಾಕಾಯಿತು.

ಊರಿಗೆ ಬಂದ ಮೇಲೆ ನಾನು ಎಲ್ಲವನ್ನೂ ಬರೆದು ಕೊಟ್ಟೆ. ಒಂದು ವಾರದಲ್ಲಿ ಶಿಬಿರದ ಅರ್ಧ ಬಾಡಿಗೆ ಮರಳಿತು, ಜೊತೆಗೆ ತಿದ್ದಿದ ವೇಳಾಪಟ್ಟಿಯೂ ಬಂತು. ಅದರಲ್ಲಿ ಮಧ್ಯಾಹ್ನ ವಾದಿ ಬನಿ ಖಾಲಿದ್, ಶಿಬಿರಕ್ಕೆ ಸಂಜೆ ನಾಲ್ಕೂವರೆ, ಜನರೇಟರಿನ ಸಮಯ ಮತ್ತು ಕರೆ ಸ್ವೀಕರಿಸುವ ಎರಡನೆಯ ಸಂಖ್ಯೆ ಎಲ್ಲವೂ ಅಚ್ಚಾಗಿವೆ. ಅದನ್ನು ಓದಿದ ಮೇಲೆಯೇ ನನ್ನ ತಂಗಿ ಏಪ್ರಿಲ್ ಮೊದಲ ವಾರಕ್ಕೆ ಅವರಲ್ಲಿ ಮುಂಗಡ ಕಟ್ಟಿದಳು.